ಸರದಾರನ ಒಡೆಯ

೧೯೩೮ನೇ ಇಸವಿ ಸೆಪ್ಟೆಂಬರ್ ೧೨, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಹಾನಗಲ್ಲ ಪೊಲೀಸ್ ಠಾಣೆಯ ಕಟ್ಟೆಯ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಬಗಲಲ್ಲಿ ನಿದ್ದೆ ಹೋಗಿದ್ದ ನಾಲ್ಕು ವರ್ಷದ ಹೆಣ್ಣುಮಗು. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಿಂದ ಅರ್ಧ ದಾರಿ ಚಕ್ಕಡಿಯಲ್ಲಿ, ಅರ್ಧ ದಾರಿ ಕಾಲ್ನಡಿಗೆಯಲ್ಲಿ ಬಂದಿದ್ದಳು. ಹೆಸರು ಶಂಕ್ರವ್ವ. ಸೆರಗಿನ ಗಂಟು ಬಿಚ್ಚಿ ಮ್ಯಾಜಿಸ್ಟ್ರೇಟರ ಮೊಹರಿನ ಹುಕುಮನ್ನು ಮೇಜಿನ ಮೇಲಿಟ್ಟಳು.

ಫೌಜದಾರ ಶ್ರೀಪಾದರಾಯರು ಓದಿದರು. ಕ್ರಿಮಿನಲ್ ಪ್ರೊಸೀಜರ್ ಕೋಡ್ ಕಲಂ ೪೮೮. ತಿಳವಳ್ಳಿಯ ಗುತ್ತೆಪ್ಪ ತನ್ನ ಅಪ್ರಾಪ್ತ ಮಗಳ ಜೀವನಾಂಶಕ್ಕೆ ತಿಂಗಳಿಗೆ ಐದು ರೂಪಾಯಿ ಕೊಡತಕ್ಕದ್ದು. ತಪ್ಪಿದರೆ ಚರಾಸ್ತಿ ಜಪ್ತಿ, ದಸ್ತಗಿರಿ, ಸೆರೆ. ಹುಕುಂ ಆಗಿ ವರ್ಷ ಕಳೆದಿತ್ತು. ವಾರಂಟು ಎರಡು ಸಲ ಹೊರಟು, ‘ಆಸಾಮಿ ಊರಲ್ಲಿಲ್ಲ’ ಎಂಬ ಷರಾದೊಡನೆ ಎರಡು ಸಲವೂ ಕೋರ್ಟಿಗೆ ಮರಳಿತ್ತು. ಈಗ ಮೂರನೆಯದು ಬಂದಿತ್ತು. ಗಂಡ ಓಡಿಹೋದರೆ ಹುಡುಕುವ ಕೆಲಸವೂ ಹೆಂಡತಿಯದೇ ಎಂದು ನಮ್ಮ ಕಚೇರಿಗಳು ಮೊದಲಿನಿಂದ ನಂಬಿಕೊಂಡು ಬಂದಿವೆ.

ಮೂಲೆಯಲ್ಲಿದ್ದ ಜಮಾದಾರ ಬಾಯಿ ಹಾಕಿದ. "ಐದು ರೂಪಾಯಿ ಸಲುವಾಗಿ ಇಷ್ಟು ದೂರ ಬಂದಿ ಏನವಾ? ನಿಮ್ಮೂರ ಗೌಡರ್ನ ಕೇಳಿದ್ರ ಅವರ ಕೊಡ್ತಿದ್ರಲ್ಲ."

"ಗೌಡ್ರು ಕೊಟ್ರ ದಾನ ಆಕ್ಕತ್ರಿ. ನಾ ಬೇಡಾಕ ಬಂದಿಲ್ಲ. ಈ ಕಾಗದದಾಗ ಏನ್ ಬರದಾರ, ಅದು ನಡೀಬೇಕು."

ಇದು ಎಫ್.ಐ.ಆರ್. ಬರೆಯುವ ಪ್ರಕರಣವಾಗಿರಲಿಲ್ಲ. ಆದರೂ ಫೌಜದಾರರು ಸ್ಟೇಶನ್ ಡೈರಿ ತೆಗೆದರು.

"ಕಡೀಕ ಅಂವನ್ನ ಎಲ್ಲಿ ನೋಡಿದಿ?"

"ಕೋರ್ಟಿನ್ಯಾಗ್ರಿ."

"ಅಲ್ಲೆ ಏನಂದ?"

"ಕೂಸು ನಂದಲ್ಲ ಅಂದ." ಧ್ವನಿ ತಗ್ಗಿಸದೆ ಹೇಳಿದಳು. "ನ್ಯಾಯಾಧೀಶರು ನಂಬಲಿಲ್ರಿ. ಬಾಣಂತನಕ್ಕ ತವರಿಗೆ ತಾನ ಬಿಟ್ಟು ಹೋಗ್ಯಾನ. ತೊಟ್ಟಿಲದಾಗ ಹಾಕೂ ದಿನ ಬರ್ತೇನಿ ಅಂದಿದ್ದ, ಬರಲಿಲ್ಲ. ಅವತ್ತ ಅವನ ಹೋರಿ ಓಡೂದಿತ್ತು. ಮುಂದ ನಾನ ತಿಳವಳ್ಳಿಗೆ ಹೋಗಿ ನಾಕ್ ಮಂದಿ ಮುಂದ ಕೇಳಿದೆ, ನಿನಗ ಹೋರಿ ಹೆಚ್ಚೋ, ಕೂಸು ಹೆಚ್ಚೋ ಅಂತ. ಆ ಸಿಟ್ಟು ಇವತ್ತಿಗೂ ಇಳದಿಲ್ಲ."

"ಮತ್ತ ಈಗ ನಿನಗ ಏನು ಆಗಬೇಕು?"

"ಇಕಿ ತನ್ನ ಮಗಳು ಅಂತ ಅಂವ ಕೊಡಬೇಕು. ಒಂದ್ ಸಲ ಕೊಟ್ಟನಂದ್ರ ಊರಾಗ ಯಾರೂ ಇಕಿಗೆ ಅಪ್ಪ ಯಾರು ಅಂತ ಕೇಳೂದಿಲ್ರಿ. ಈಗ ಕೇಳ್ತಾರ. ಇಕೀನ ಕೇಳ್ತಾರ."

ಸೆಪ್ಟೆಂಬರ್ ೧೪ರಂದು ಫೌಜದಾರರು ಕಾನ್‌ಸ್ಟೇಬಲ್ ಇಸಾಕನೊಂದಿಗೆ ತಿಳವಳ್ಳಿಗೆ ಹೋದರು. ಇಬ್ಬರು ಪಂಚರ ಸಮಕ್ಷಮ ಗುತ್ತೆಪ್ಪನ ಮನೆಯ ಬಾಗಿಲು ತೆರೆಸಲಾಯಿತು. ಪಂಚನಾಮೆಯಲ್ಲಿ ಬರೆಯಲು ಸಿಕ್ಕದ್ದು ಇಷ್ಟೇ: ಮಣ್ಣಿನ ಗಡಿಗೆಗಳು, ಮುರಿದ ಕುಂಟೆ, ಒಂದು ಹರಕು ಕಂಬಳಿ. ಗೋಡೆ ಉದುರುತ್ತಿತ್ತು, ಮಾಳಿಗೆ ಸೋರಿದ ಗುರುತಿತ್ತು. ಹಿಂದಿನ ದನದ ಕೊಟ್ಟಿಗೆಗೆ ಮಾತ್ರ ಹೊಸದಾಗಿ ಸುಣ್ಣ ಬಳಿದಿದ್ದರು. ನೆಲವನ್ನು ಬಡಿದು ಕನ್ನಡಿಯಂತೆ ಮಾಡಿದ್ದರು. ಗೋದಲೆಗೆ ಬೇಯಿಸಿದ ಹುರುಳಿಯ ವಾಸನೆ ಇನ್ನೂ ಅಂಟಿಕೊಂಡಿತ್ತು.

"ಮನಿಗಿಂತ ದನದ ಮನೀನ ಚಂದ ಐತಲ್ರಿ ಸಾಹೇಬ್ರ," ಎಂದ ಇಸಾಕ.

ಫೌಜದಾರರು ಪಂಚ ಫಕ್ಕೀರಪ್ಪನ ಕಡೆ ತಿರುಗಿದರು. "ಹೋರಿ ಎಲ್ಲಿ?"

"ಮಾರ್ಯಾನಂತ್ರಿ."

"ಯಾರಿಗೆ?"

"ನಮಗೇನ್ ಗೊತ್ರಿ."

"ತಿಳವಳ್ಳಿ ಸರದಾರ ಅಂದ್ರ ನಾಕು ತಾಲೂಕಿಗೆ ಗೊತ್ತದ. ನಿನಗ ಗೊತ್ತಿಲ್ಲ?"

ಫಕ್ಕೀರಪ್ಪ ಮುಗುಳುನಕ್ಕು ನೆಲ ನೋಡಿದ. ಈ ಭಾಗದಲ್ಲಿ ಹೆಂಡತಿಯನ್ನು ಹೊಡೆದವನ ಮೇಲೆ ಸಾಕ್ಷಿ ಹೇಳುವವರು ಸಿಕ್ಕಾರು. ಹೋರಿಯ ವಿಷಯದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ದೀಪಾವಳಿ ಪಾಡ್ಯದಿಂದ ಮುಂದೆ ಊರೂರಲ್ಲಿ ಹೋರಿ ಬೆದರಿಸುತ್ತಾರೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಎರಡೂ ಬದಿಯ ಜನರ ನಡುವೆ ಓಡುತ್ತದೆ. ಸರ ಹರಿದವನು ಗಂಡಸು. ಸರವನ್ನು ಯಾರಿಗೂ ಮುಟ್ಟಗೊಡದೆ ಹೋರಿ ದಾಟಿಹೋದರೆ ಅದರ ಒಡೆಯನೇ ಅಂದಿನ ರಾಜ. ಊರ ಗೌಡರು ಅವನ ತಲೆಗೆ ರುಮಾಲು ಸುತ್ತುತ್ತಾರೆ. ಗುತ್ತೆಪ್ಪನ ಸರದಾರನನ್ನು ಐದು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ.

ಆಸಾಮಿ ಸವಣೂರಿನಲ್ಲಿದ್ದಾನೆ ಎಂಬ ಸುದ್ದಿ ತಂದವನು ಇಸಾಕ. ಅವನ ತಾಯಿಯ ತಂಗಿ ರಮಜಾನಬಿ ಅಲ್ಲಿನ ಪೇಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದಳು. ಸವಣೂರು ಆಗ ನವಾಬರ ಸಂಸ್ಥಾನ. ಬ್ರಿಟಿಷ್ ಮುಲುಕಿನ ಹಳ್ಳಿಗಳ ನಡುವೆಯೇ ಇದ್ದರೂ ಅಲ್ಲಿನ ಕೋರ್ಟು ಬೇರೆ, ಪೊಲೀಸರು ಬೇರೆ. ಹಾನಗಲ್ಲಿನ ವಾರಂಟು ಆ ಗಡಿ ದಾಟಿದರೆ ಬರೀ ಕಾಗದ. ಸಂಸ್ಥಾನದ ಜೊತೆ ಪತ್ರ ವ್ಯವಹಾರ ಮಾಡಿ ಆಸಾಮಿಯನ್ನು ತರಿಸಿಕೊಳ್ಳುವುದು ಖೂನಿ, ದರೋಡೆಗಳಿಗೆ ಸರಿ. ಒಂದು ಹೆಣ್ಣುಕೂಸಿನ ಹೊಟ್ಟೆಗಾಗಿ ಅಷ್ಟು ಕಾಗದ ಯಾರು ಬರೆದಾರು?

ಇಸಾಕ ಸವಣೂರಿಗೆ ಹೋಗಿ ಅವಳ ಅಂಗಡಿಯ ಮುಂದೆ ನಿಂತಾಗ ರಮಜಾನಬಿ ಗಲ್ಲ ಎತ್ತಿ ಎದುರಿನ ಚಹಾದಂಗಡಿ ತೋರಿಸಿದಳು. "ಅಲ್ಲೇ ಕುಂತಾನ ನೋಡು ಬೇಟಾ. ದಿನಾ ಅಲ್ಲೇ. ಹೋರಿ ಮಾತು ಬಿಟ್ರ ಬ್ಯಾರೆ ಮಾತಿಲ್ಲ. ಹಂಸಭಾವಿಯಿಂದ ಉಳಿವೆಪ್ಪ ಅನ್ನಾಂವ ವಾರಕ್ಕೊಮ್ಮೆ ಬಂದು ಅದರ ಸುದ್ದಿ ಹೇಳಿ ಹೋಗ್ತಾನ. ಹೋರಿ ಮೇವು ತಿಂತೋ ಇಲ್ಲೋ ಅನ್ನೂದನ್ನ ಕೇಳಿದ ಮ್ಯಾಲ ಈತ ಊಟ ಮಾಡ್ತಾನ."

ಗುತ್ತೆಪ್ಪನೇ ಇಸಾಕನನ್ನು ಗುರುತಿಸಿದ. "ಬರ್ರಿ ಪೊಲೀಸಪ್ನೋರ, ಕುಂದ್ರಿ. ಎಲಿ ಹಾಕ್ಕೋರಿ. ಸವಣೂರ ಎಲಿ, ಬಾಯಾಗ ಇಟ್ರ ಕರಗತೈತಿ."

"ನಿನ್ನ ಮ್ಯಾಲ ವಾರಂಟ್ ಐತಿ."

"ಇರ್ಲೇಳ್ರಿ. ಅದಕ್ಕೂ ಸುಣ್ಣ ಹಚ್ಚಿ ಮಡಚ್ರಿ. ಎಲಿ ಕಡಿಮಿ ಬಿದ್ರ ಹಾಕ್ಕೊಳ್ಳೋಣು."

ಅಂಗಡಿ ತುಂಬ ನಗೆ ಎದ್ದಿತು. ಅದು ಇಳಿಯುವವರೆಗೆ ಇಸಾಕ ಕಾದ.

"ಕೂಸಿಗೆ ಏನರ ಹೇಳೂದೈತೇನು?"

"ಯಾರ ಕೂಸು?"

ಇಸಾಕ ಎಲೆಯನ್ನು ಹಲಗೆಯ ಮೇಲೆ ಬಿಟ್ಟು ಎದ್ದುಬಂದ.

ಸೆಪ್ಟೆಂಬರ್ ೨೭ರಂದು ಫೌಜದಾರರು ಹಿರೇಕೆರೂರ ಠಾಣೆಯ ಸಹಾಯ ಪಡೆದು ಹಂಸಭಾವಿಗೆ ಹೋದರು. ಉಳಿವೆಪ್ಪನ ಕೊಟ್ಟಿಗೆಯಲ್ಲಿ ಸರದಾರ ನಿಂತಿತ್ತು. ಬಿಳಿ ಮೈ, ಬೆನ್ನ ಮೇಲೆ ಕಪ್ಪು ಹಿಣಿಲು, ಎಣ್ಣೆ ಹಚ್ಚಿದ ಕೋಡು. ಅಪರಿಚಿತರನ್ನು ಕಂಡು ಮುಂಗಾಲಿನಿಂದ ನೆಲ ಕೆದರಿತು.

"ಹೋರಿ ನಂದ್ರಿ," ಎಂದು ಉಳಿವೆಪ್ಪ ಸಂತೆಯ ಪಾವತಿ ಚಾಚಿದ.

"ಎಷ್ಟಕ್ಕ ತೊಗೊಂಡಿ?"

"ಇಪ್ಪತ್ತು ರೂಪಾಯಿ."

"ಸರದಾರನ್ನ ಇಪ್ಪತ್ತಕ್ಕ? ಇದರ ಕೋಡಿಗೆ ಹಾಕೋ ಕಳಸನ ಅಷ್ಟಕ್ಕ ಬರೂದಿಲ್ಲೋ."

"ಗೆಳೆತನದಾಗ ಕೊಟ್ಟಾನ್ರಿ."

ಸುಳ್ಳೆಂದು ಕೊಟ್ಟಿಗೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಆದರೆ ಪಾವತಿ ಸರಿಯಾಗಿತ್ತು, ಅದು ಸುಳ್ಳೆಂದು ಸಾಕ್ಷಿ ಹೇಳುವವರಿರಲಿಲ್ಲ. ಇನ್ನೊಬ್ಬನ ಹೆಸರಿನ ದನವನ್ನು ಗುತ್ತೆಪ್ಪನ ಬಾಕಿಗೆ ಜಪ್ತಿ ಮಾಡುವಂತಿರಲಿಲ್ಲ.

ದಸರೆ ಮುಗಿದ ಮೇಲೆ ಶಂಕ್ರವ್ವ ಮತ್ತೆ ಹಾನಗಲ್ಲಿಗೆ ಬಂದಳು. ಫೌಜದಾರರು ಏನನ್ನೂ ಮುಚ್ಚಿಡಲಿಲ್ಲ. "ಅಂವ ಗಡಿ ಆಚೆ. ಹೋರಿ ಇನ್ನೊಬ್ಬನ ಹೆಸರಿನ್ಯಾಗ. ವಾರಂಟು ಮತ್ತ ವಾಪಸ್ ಕಳಸೋದ ಆಗ್ತದ ಅನಸ್ತದ ತಂಗಿ."

ಅವಳು ಅಳಲಿಲ್ಲ. ಮಗುವಿನ ಮೂಗು ಒರೆಸಿ ಕೇಳಿದಳು. "ಪಾಡ್ಯಾ ಆದಮ್ಯಾಲ ಹಂಸಭಾವ್ಯಾಗ ಹೋರಿ ಬಿಡ್ತಾರಲ್ರಿ?"

"ಬಿಡ್ತಾರ."

"ಸರದಾರ ಓಡಿದ್ರ ಅಂವ ಬರ್ತಾನ್ರಿ. ಹೆಣಾ ಆಗಿದ್ರೂ ಎದ್ದು ಬರ್ತಾನ."

"ಬಂದ್ರ ಸಾವಿರಾರು ಮಂದ್ಯಾಗ ಹ್ಯಾಂಗ ಹುಡುಕೋದು? ಎಲ್ಲಾರೂ ಅವನ್ನ ಬಚ್ಚಿಡೋರ ಇರ್ತಾರ."

"ನೀವು ಹುಡುಕಬ್ಯಾಡ್ರಿ." ಶಂಕ್ರವ್ವನ ಮುಖದಲ್ಲಿ ಮೊದಲ ಬಾರಿ ನಗೆಯಂಥದ್ದೊಂದು ಸುಳಿಯಿತು. "ಹೋರಿ ಉಳಿವೆಪ್ಪಂದು ಅಂತ ಅವರ ಬರಕೊಟ್ಟಾರಲ್ಲ. ಅದನ್ನ ಕೂಗಸ್ರಿ. ಜೋರಾಗಿ ಕೂಗಸ್ರಿ. ಕೂಸು ನಂದಲ್ಲ ಅನ್ನಾಕ ಅವನ ನಾಲಗಿ ತಡೀಲಿಲ್ಲ. ಹೋರಿ ನಂದಲ್ಲ ಅಂತ ಅಂವ ಎಷ್ಟೊತ್ತು ಸುಮ್ನ ಕುಂದರ್ತಾನ ನಾನೂ ನೋಡ್ತೇನಿ."

ಫೌಜದಾರರು ಲೇಖನಿ ಕೆಳಗಿಟ್ಟರು. ಆ ಮಾತನ್ನು ಬರೆಯಲು ಡೈರಿಯಲ್ಲಿ ಯಾವ ಅಂಕಣವೂ ಇರಲಿಲ್ಲ.

ಅಕ್ಟೋಬರ್ ೨೮. ಹಂಸಭಾವಿಯಲ್ಲಿ ಹೊತ್ತೇರುವ ಮುಂಚೆಯೇ ಮಾಳಿಗೆಗಳ ಮೇಲೆ ಹೆಂಗಸರು, ಬೀದಿಯ ಎರಡೂ ಬದಿ ಗಂಡಸರು ಕಿಕ್ಕಿರಿದಿದ್ದರು. ಇಸಾಕನೂ ಹಿರೇಕೆರೂರಿನ ಇಬ್ಬರು ಪೇದೆಗಳೂ ಧೋತರ ಉಟ್ಟು, ತಲೆಗೆ ವಸ್ತ್ರ ಸುತ್ತಿ ಗುಂಪಿನಲ್ಲಿ ಸೇರಿದರು. ಫೌಜದಾರರು ಇಬ್ಬರು ಪಂಚರೊಂದಿಗೆ ಗೌಡರ ಕಟ್ಟೆಯ ಹಿಂದಿನ ಕೋಣೆಯಲ್ಲಿ ಕೂತರು. ಹೋರಿಗಳ ಹೆಸರು ಕೂಗುವವನು ದ್ಯಾಮಪ್ಪ. ಹಲಗೆ ಬಡಿತದ ಸದ್ದನ್ನು ಮೀರುವ ಗಂಟಲು. ಬೆಳಿಗ್ಗೆಯೇ ಫೌಜದಾರರು ಅವನನ್ನು ಕರೆಸಿ ಪಾವತಿಯಲ್ಲಿರುವಂತೆಯೇ ಕೂಗು ಎಂದಷ್ಟೇ ಹೇಳಿದ್ದರು.

ಮಧ್ಯಾಹ್ನ ಸರದಾರನ ಸರದಿ ಬಂತು.

"ಹಂಸಭಾವಿ ಉಳಿವೆಪ್ಪನ ಹೋರೀ... ಬಂತೂ..."

ಗುಂಪಿನಲ್ಲಿ ಗುಜುಗುಜು ಎದ್ದಿತು. ಹಗ್ಗ ಬಿಟ್ಟೊಡನೆ ಸರದಾರ ತಲೆ ತಗ್ಗಿಸಿ ನುಗ್ಗಿತು. ಮೂವರು ಎರಗಿದರು, ಒಬ್ಬ ಮಣ್ಣು ಮುಕ್ಕಿದ, ಒಬ್ಬನ ಅಂಗಿ ಹರಿಯಿತು, ಮೂರನೆಯವನ ಕೈಗೆ ಸಿಕ್ಕದ್ದು ಗಾಳಿ. ಕೊಬ್ಬರಿ ಸರ ಅಲುಗಾಡುತ್ತ ಬೀದಿಯ ಕೊನೆ ಮುಟ್ಟಿತು.

ದ್ಯಾಮಪ್ಪ ಎದೆಯುಬ್ಬಿಸಿ ಕೂಗಿದ. "ಯಾರ ಹೋರಿ? ಉಳಿವೆಪ್ಪನ ಹೋರಿ! ಯಾಂವ ಸಾಕಿದ? ಉಳಿವೆಪ್ಪ ಸಾಕಿದ! ಯಾಂವ ಗೆದ್ದ? ಹಂಸಭಾವಿ ಉಳಿವೆಪ್ಪ ಗೆದ್ದ!"

ಉಳಿವೆಪ್ಪ ಕಟ್ಟೆ ಹತ್ತಿದ. ಮೊದಲು ಅಳುಕಿದ್ದವನು ಜನರ ಕೇಕೆ ಕೇಳುತ್ತ ಕೇಳುತ್ತ ಮೀಸೆ ತಿರುವತೊಡಗಿದ. ಗೌಡರು ಗುಲಾಬಿ ಬಣ್ಣದ ರುಮಾಲನ್ನು ಅವನ ತಲೆಗೆ ಒಂದು ಸುತ್ತು ಸುತ್ತಿದರು. ಎರಡನೆಯ ಸುತ್ತಿಗೆ ಬೀದಿಯ ಎಡಬದಿಯಿಂದ ಒಂದು ದನಿ ಸೀಳಿಕೊಂಡು ಬಂತು.

"ಬಿಚ್ಚಲೇ ಅದನ್ನ!"

ಕಂಬಳಿ ಹೊದ್ದವನೊಬ್ಬ ಜನರನ್ನು ಮೊಣಕೈಯಿಂದ ತಳ್ಳುತ್ತ ಮುಂದೆ ಬಂದ. ಹಿಂದಿದ್ದವರು ಕಂಬಳಿ ಹಿಡಿದೆಳೆದರು, ಅದು ಅವರ ಕೈಯಲ್ಲೇ ಉಳಿಯಿತು. "ಅದು ನನ್ನ ಹೋರಿ! ನಾ ಸಾಕೇನಿ ಅದನ್ನ! ತಿಳವಳ್ಳಿ ಗುತ್ತೆಪ್ಪನ ಹೋರಿ ಅಂತ ಕೂಗಲೇ ದ್ಯಾಮ್ಯಾ!"

ಫೌಜದಾರರು ಕೋಣೆಯಿಂದ ಹೊರಬಂದರು.

"ಯಾರ ಹೋರಿ ಅಂದಿ?"

"ನಂದು!"

"ಪಂಚರಿಗೆ ಕೇಳಲಿಲ್ಲ."

"ನಂದು ಅಂದೆನಲ್ರಿ!" ಎಂದು ಕಿರುಚಿದ ಮೇಲೆ ಗುತ್ತೆಪ್ಪ ಆ ಟೋಪಿಯನ್ನು, ಬೆಲ್ಟನ್ನು ನೋಡಿದ. ಇಸಾಕ ಆಗಲೇ ಅವನ ಎರಡೂ ಕೈ ಹಿಡಿದಿದ್ದ.

"ಎಲಿ ತಂದಿ ಏನ್ಪಾ ಸವಣೂರಿಂದ?" ಎಂದು ಮೆಲ್ಲಗೆ ಕೇಳಿದ.

ಅದೇ ಕಟ್ಟೆಯ ಮೇಲೆ ಪಂಚನಾಮೆ ಬರೆಯಲಾಯಿತು. ಹೋರಿಯ ಒಡೆತನವನ್ನು ಆಸಾಮಿ ಸ್ವಂತ ಬಾಯಿಂದ, ನೆರೆದ ಜನರ ಸಮಕ್ಷಮ ಒಪ್ಪಿಕೊಂಡಿರುತ್ತಾನೆ. ಹೋರಿ ಜಪ್ತಿಯಾಯಿತು, ಗುತ್ತೆಪ್ಪನ ದಸ್ತಗಿರಿಯಾಯಿತು. ಉಳಿವೆಪ್ಪ ಅರ್ಧ ಸುತ್ತಿದ ರುಮಾಲನ್ನು ತಾನೇ ಬಿಚ್ಚಿ ಗೌಡರ ಕೈಗೆ ಕೊಟ್ಟ. ಎದುರಿನ ಮಾಳಿಗೆಯ ಮೇಲೆ ಶಂಕ್ರವ್ವ ಮಗುವನ್ನು ಹೆಗಲಿಗೇರಿಸಿ ನಿಂತಿದ್ದಳು. ಅವಳತ್ತ ಬೆರಳು ತೋರಿ ಯಾರೋ ಏನೋ ಅಂದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ.

ಹಿರೇಕೆರೂರ ಠಾಣೆಯಲ್ಲಿ ಸಂಜೆ ಹೇಳಿಕೆ ಬರೆಯುವಾಗ ಗುತ್ತೆಪ್ಪ ಮೆತ್ತಗಾಗಿದ್ದ.

"ಹೋರಿ ಹರಾಜಿಗೆ ಹಚ್ಚಬ್ಯಾಡ್ರಿ. ಬಾಕಿ ಎಲ್ಲಾ ಕೊಡ್ತೇನಿ. ರೊಕ್ಕ ಐತಿ."

"ವರ್ಷದಿಂದ ಇತ್ತು?"

"ಇತ್ರಿ."

"ಮತ್ತ ಯಾಕ ಕೊಡಲಿಲ್ಲ?"

"ನಮ್ಮಪ್ಪ ಗೌಡರ ಮನ್ಯಾಗ ಜೀತಕ್ಕ ಇದ್ದಾಂವ್ರಿ. ನಮ್ಮನ್ನ ಯಾರೂ ಹೆಸರು ಹಿಡದು ಕರದಿರಲಿಲ್ಲ. ಸರದಾರ ಮೊದಲ ಸಲ ಗೆದ್ದಾಗ ಇಡೀ ಊರು ಗುತ್ತೆಪ್ಪ, ಗುತ್ತೆಪ್ಪ ಅಂತ ಕೂಗಿತ್ರಿ. ಮುಂದ ಕೋರ್ಟಿನ್ಯಾಗ ಆ ಪಟ್ಟೇದಾರ ಬಾಗಲದಾಗ ನಿಂತು ಅದ ಹೆಸರು ಮೂರು ಸಲ ಕೂಗಿದ, ಕಳ್ಳನ್ನ ಕೂಗಿದಂಗ. ಆಕಿ ಸಲುವಾಗಿ ಕೂಗಿದ. ಆ ಹುಕುಮಿಗೆ ತಲಿ ಬಾಗಿಸಿದ್ರ ನನ್ನ ಹೆಸರು ಅಲ್ಲೇ ಉಳೀತೈತಿ ಅನಸ್ತು."

ಫೌಜದಾರರು ಬರೆದುಕೊಂಡರು. ಇದ್ದ ಹೆಸರನ್ನು ಕಾಪಾಡಲು ಅವನು ಮಾಡಿದ್ದೇನು ಎಂಬುದನ್ನು ಅವರು ಅವನಿಗೆ ವಿವರಿಸಲಿಲ್ಲ. ಮುಂದಿನ ಪ್ರಶ್ನೆಗೆ ಹೋದರು.

"ಮಕ್ಕಳು?"

ಗುತ್ತೆಪ್ಪ ಗೋಡೆ ನೋಡಿದ.

"ಮಕ್ಕಳು ಎಷ್ಟು?"

"ಒಬ್ಬಾಕಿ... ಅದಾಳ್ರಿ."

"ಹೆಸರು?"

ಹೆಸರಿಡುವ ತೊಟ್ಟಿಲ ದಿನ ಅವನು ಬಂದಿರಲಿಲ್ಲ. ಆಮೇಲೆ ಕೇಳಿರಲೂ ಇಲ್ಲ.

ಫೌಜದಾರರು ಎದ್ದು ಬಾಗಿಲು ತೆರೆದರು. ಹೊರಗಿನ ಕಟ್ಟೆಯ ಮೇಲೆ ತಾಯಿ ಮಗಳು ಕೂತಿದ್ದರು. ಅಂಗಳದ ಬೇವಿನ ಮರಕ್ಕೆ ಸರದಾರನನ್ನು ಕಟ್ಟಿದ್ದರು. "ನೀನ ಕೇಳು," ಎಂದರು.

ಗುತ್ತೆಪ್ಪ ಬಾಗಿಲವರೆಗೆ ಬಂದ. "ನಿನ್ನ... ನಿನ್ನ ಹೆಸರೇನ್ ಯವ್ವಾ?"

ಮಗು ತಾಯಿಯ ಮುಖ ನೋಡಿತು.

"ಹೇಳು," ಎಂದಳು ಶಂಕ್ರವ್ವ. "ಎದ್ದು ನಿಂತು ಹೇಳು. ಎಲ್ರಿಗೂ ಕೇಳೂ ಹಂಗ."

ಹುಡುಗಿ ಎದ್ದು ನಿಂತಳು. ಲಂಗ ಸರಿಮಾಡಿಕೊಂಡಳು. ಬೇವಿನ ಕೆಳಗೆ ಮೆಲುಕು ಹಾಕುತ್ತಿದ್ದ ಹೋರಿ ಕಿವಿ ನಿಮಿರಿಸುವಷ್ಟು ಗಟ್ಟಿಯಾಗಿ ಕೂಗಿದಳು.

"ಮಹಾದೇವಕ್ಕ!"