ಹದಿನೇಳು ನಕ್ಷತ್ರಗಳ ಕಿರೀಟ

೧೯೭೨ರ ಮಾರ್ಚ್ ೧೪, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಕ್ಯಾಂಟರ್ಬರಿಯ ಒಂದು ಸಣ್ಣ ಸಂಗ್ರಹಾಲಯದ ಮೇಲಂತಸ್ತಿನ ಚಿತ್ರಕೋಣೆಯಲ್ಲಿ ಹೆಸ್ಟರ್ ಕ್ರೇಕ್ ಒಂದು ಸುಳ್ಳಿನ ಎದುರು ಕೂತಿದ್ದಳು. ಸುಳ್ಳು ಅವಳದೇ. ಅದಕ್ಕೆ ಏಳು ವಾರ ವಯಸ್ಸಾಗಿತ್ತು.

ಆ ಸುಳ್ಳನ್ನು ನಂಬಿದವನು ಆರು ಅಡಿ ದೂರದಲ್ಲಿ ಚಿತ್ರದ ಮೇಲೆ ಬಾಗಿದ್ದ. ಆರು ಅಡಿ ಎಂಬುದು ಕೋಣೆಯ ನಿಯಮ. ನೋಡಲು ಬಂದವರ ಕುರ್ಚಿಗೂ ಕಾವಲಿನವರ ಕುರ್ಚಿಗೂ ನಡುವೆ ಅಷ್ಟು ಅಂತರವಿರಬೇಕು, ಬಂದವರ ಎರಡೂ ಕೈಗಳು ಕಾಣುತ್ತಿರಬೇಕು. ಲಯನೆಲ್ ಪಾಟ್‌ನ ಕೈಗಳನ್ನು ಕಾವಲಿಗೆ ಕೂತ ಹೆಸ್ಟರ್ ನಿಯಮಕ್ಕೆ ಬೇಕಾದುದಕ್ಕಿಂತ ಹೆಚ್ಚೇ ನೋಡಿದ್ದಳು. ಅವನ ಎಡಗೈ ಕಿರುಬೆರಳು ಮೇಜಿನ ಅಂಚನ್ನು ಸದಾ ತಟ್ಟುತ್ತಿತ್ತು. ಹದಿನೇಳು ಸಲ ತಟ್ಟಿ, ಮತ್ತೆ ಒಂದರಿಂದ ಶುರು.

ಲಯನೆಲ್ ‘ಪೇಪರ್ ಬಿಷಪ್’ ಎಂಬ ರಾಕ್ ತಂಡದಲ್ಲಿ ಆರ್ಗನ್ ನುಡಿಸುತ್ತಿದ್ದ. ಮೂರು ನಿಮಿಷದ ಪ್ರೇಮಗೀತೆಗಳೆಂದರೆ ಅವರಿಗೆ ಅಲರ್ಜಿ. ರೆಕಾರ್ಡಿನ ಒಂದಿಡೀ ಬದಿಗೆ ಒಂದೇ ಹಾಡು, ಅದಕ್ಕೆ ಮೂಲ ಈ ಚಿತ್ರ. ನೂರೆಂಬತ್ತು ವರ್ಷಗಳ ಹಿಂದೆ ಏಬಲ್ ಥ್ರೆಂಚ್ ಎಂಬ ಕವಿಗೆ ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ತೋಟದಲ್ಲಿ, ಹಾಡಹಗಲೇ, ದೇವದೂತ ಕಂಡಿದ್ದನಂತೆ. ಕಂಡದ್ದನ್ನು ಅವನು ತಾಮ್ರದ ತಗಡಿನಲ್ಲಿ ಕೊರೆದು, ಸುತ್ತ ತನ್ನ ಪದ್ಯವನ್ನೂ ಕೊರೆದು, ಕಾಗದಕ್ಕೆ ಅಚ್ಚೊತ್ತಿದ್ದ. ಚಿತ್ರದಲ್ಲಿರುವ ಪ್ರತಿ ಸಂಖ್ಯೆಯೂ ಸಂಗೀತವಾಗಬೇಕೆಂಬುದು ಲಯನೆಲ್‌ನ ಹಟ. ದೇವದೂತನಿಗೆ ಆರು ರೆಕ್ಕೆ, ಹಾಡಿಗೆ ಆರು ಭಾಗ. ಕಿರೀಟದಲ್ಲಿ ಹದಿನೇಳು ನಕ್ಷತ್ರ, ತಾಳಕ್ಕೆ ಹದಿನೇಳು ಬಡಿತ.

ನಕ್ಷತ್ರಗಳು ಹದಿಮೂರೇ. ಉಳಿದ ನಾಲ್ಕು ನೊಣದ ಹಿಕ್ಕೆ.

ಸಂಗ್ರಹಾಲಯಕ್ಕೆ ಬರುವ ಮೊದಲು ಚಿತ್ರ ತೊಂಬತ್ತು ವರ್ಷ ಒಂದು ಹೆಂಡದಂಗಡಿಯ ಗೋಡೆಯಲ್ಲಿ ತೂಗುಬಿದ್ದಿತ್ತು. ರಸಾಯನಶಾಸ್ತ್ರ ಓದಿ ಕಾಗದ ಶುದ್ಧಿಯ ಕೆಲಸಕ್ಕೆ ಸೇರಿದ್ದ ಹೆಸ್ಟರ್ ಎರಡನೆಯ ಮಂಗಳವಾರವೇ ದೀಪವನ್ನು ಓರೆಯಾಗಿ ಹಿಡಿದು ನೋಡಿದ್ದಳು. ನಾಲ್ಕು ಚುಕ್ಕೆಗಳು ಕಾಗದದ ಮೇಲೆ ಉಬ್ಬಿ ನಿಂತಿದ್ದವು. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ತಲೆಯೆತ್ತಿ, “ಮಿಸ್ ಕ್ರೇಕ್, ಇನ್ನೊಂದ್ಸಲ ಎಣಿಸೋಕೆ ಮುಂದಿನ ವಾರ ಬರಲಾ?” ಎಂದು ಕೇಳಿದ್ದ. ಬಾಯಿ ಮುಚ್ಚಿಕೊಂಡಿತು.

ಫೆಬ್ರವರಿಯಲ್ಲಿ ಕಲ್ಲಿದ್ದಲು ಗಣಿಯವರ ಮುಷ್ಕರದಿಂದ ಕರೆಂಟು ಹೋದಾಗಲೂ ಅವನು ಬಂದ. ಕಿಟಕಿಯ ಬೆಳಕಿನಲ್ಲಿ ಎಣಿಸಿದ. ಹದಿನೇಳೇ.

ಆದರೆ ನಾಳೆ ಚಿತ್ರ ಶುದ್ಧಿಗೆ ಹೋಗಲಿತ್ತು, ನಾಲ್ಕು ಚುಕ್ಕೆಗಳೂ ಅಳಿಸಿಹೋಗಲಿದ್ದವು. ಶುಕ್ರವಾರ ಹಾಡಿನ ರೆಕಾರ್ಡಿಂಗ್. ಆಮೇಲೆ ಶುದ್ಧವಾದ ಚಿತ್ರದ ಫೋಟೋ ರೆಕಾರ್ಡಿನ ಹೊದಿಕೆಯ ಮೇಲೆ ಬರುವುದು. ಇಂಥ ಸಂಗೀತ ಕೇಳುವವರು ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಸಿಕ್ಕಿದ್ದನ್ನೆಲ್ಲ ಎಣಿಸುವ ಜಾತಿ. ಇಂದು ಹೇಳದಿದ್ದರೆ ಇಡೀ ಇಂಗ್ಲೆಂಡು ಲಯನೆಲ್‌ನನ್ನು ನೋಡಿ ನಗುತ್ತದೆ. ಹೇಳಿದರೆ ಅವನು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ.

ಸಾಲದ್ದಕ್ಕೆ ಇಂದು ತಂಡದ ಡ್ರಮ್ಮರ್ ಡೆನಿಸ್ ಕೂಡ ಜೊತೆಗೆ ಬಂದಿದ್ದ. ಬೆಳಗಿನ ಹೊತ್ತು ಮಾಂಸದಂಗಡಿಯಲ್ಲಿ ಕತ್ತಿ ಹಿಡಿಯುವ ದಪ್ಪ ಆಳು.

“ನೋಡಿ ತಾಯಿ,” ಎಂದ ಡೆನಿಸ್, “ಕೈಕಾಲು ಸೇರಿಸಿದ್ರೆ ನನಗೆ ಇಪ್ಪತ್ತು ಬೆರಳು. ಹದಿನೇಳಕ್ಕೆ ಬರೋ ಹೊತ್ತಿಗೆ ಶೂ ಬಿಚ್ಚಬೇಕಾಗುತ್ತೆ. ಇವನು ಎಣಿಸಿದ್ದು ಸರಿನಾ ಅಂತ ಕಣ್ಣಾರೆ ನೋಡೋಕೆ ಬಂದೆ.”

“ಒಂಬತ್ತು ಸಲ ಎಣಿಸಿದ್ದೀನಿ ಕಣೋ,” ಎಂದ ಲಯನೆಲ್. “ಥ್ರೆಂಚ್ ಸುಮ್ನೆ ಹದಿನೇಳು ಹಾಕ್ತಾನಾ? ಅದರಲ್ಲಿ ಏನೋ ಗೂಢ ಇದೆ. ಈ ನಾಲ್ಕನ್ನ ನೋಡು, ಉಳಿದವುಗಳ ಹಾಗಿಲ್ಲ. ಸಾಲು ಬಿಟ್ಟು ಅಲೀತಾ ಇವೆ. ಇವು ದಾರಿ ಹುಡುಕ್ತಿರೋ ಆತ್ಮಗಳು. ಅಲ್ವಾ ಮಿಸ್ ಕ್ರೇಕ್?”

ಅವನ ಕಣ್ಣುಗಳಲ್ಲಿ ಎಂಥ ಭಕ್ತಿಯೆಂದರೆ ಹೆಸ್ಟರ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಮಿಸ್ಟರ್ ಪಾಟ್,” ಎಂದಳು, “ಅವು ಆತ್ಮಗಳಲ್ಲ. ನೊಣದ ಹಿಕ್ಕೆ.”

ಕಿರುಬೆರಳು ಹನ್ನೊಂದನೆಯ ಬಡಿತಕ್ಕೆ ನಿಂತಿತು.

“ನಾಲ್ಕೂನಾ?”

“ನಾಲ್ಕೂ. ಒದ್ದೆ ಹತ್ತಿ ಮುಟ್ಟಿಸಿದ್ರೆ ಕರಗ್ತವೆ.”

“ಹದಿಮೂರು!” ಡೆನಿಸ್ ಎದ್ದು ನಿಂತು ಟೋಪಿ ತೆಗೆದ. “ದೇವರಿದ್ದಾನೆ! ತಾಯಿ, ಭಾನುವಾರಕ್ಕೆ ಒಳ್ಳೆ ಕುರಿತೊಡೆ ನಿಮ್ಮ ಮನೆಗೆ ಬರುತ್ತೆ.”

ಲಯನೆಲ್ ಮಾತ್ರ ಅವಳನ್ನೇ ನೋಡುತ್ತಿದ್ದ. “ಯಾವಾಗಿಂದ ಗೊತ್ತಿತ್ತು?”

“ಎರಡನೇ ಮಂಗಳವಾರದಿಂದ.”

“ಇವತ್ತು ಒಂಬತ್ತನೇದು. ಏಳು ವಾರ ನಾನು ನೊಣದ... ಅದಕ್ಕೆ ತಾಳ ಕಟ್ತಾ ಇದ್ದೆ, ನೀವು ನೋಡ್ಕೊಂಡು ಕೂತಿದ್ರಿ.”

“ಹೌದು.”

“ಮಜಾ ಅನ್ನಿಸ್ತಾ?”

“ಇಲ್ಲ.” ಹೆಸ್ಟರ್ ತನ್ನ ಉಕ್ಕಿನ ಅಳತೆಪಟ್ಟಿಯನ್ನು ಮೇಜಿನ ಅಂಚಿಗೆ ನೇರವಾಗಿ ಜೋಡಿಸಿದಳು. ಅದು ಆಗಲೇ ನೇರವಾಗಿತ್ತು. “ಲೆಕ್ಕ ಸರಿಹೋದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಸುಮ್ನಿದ್ದೆ. ತಪ್ಪು ನನ್ನದೇ. ಆದ್ರೆ ನಿಮ್ಮನ್ನ ನೋಡಿ ಊರೆಲ್ಲ ನಗೋದು ನನಗೆ ಬೇಡ.”

ಹೇಳಿದ ಮೇಲೆ ಅವಳ ಕಿವಿಗಳು ಕೆಂಪಾದವು. ಡೆನಿಸ್ ತೆಗೆದ ಟೋಪಿಯನ್ನು ಮತ್ತೆ ಹಾಕಿಕೊಂಡು ಕಿಟಕಿಯ ಆಚೆ ಏನೋ ಮಹತ್ವದ್ದನ್ನು ನೋಡತೊಡಗಿದ.

ಲಯನೆಲ್ ಮತ್ತೆ ಚಿತ್ರದ ಮೇಲೆ ಬಾಗಿದ. ಪೆನ್ಸಿಲ್ ತೆಗೆದು, ಸ್ವರಪುಸ್ತಕ ಬಿಡಿಸಿ, ಏನೋ ಹೊಡೆದುಹಾಕಿ, ಏನೋ ಬರೆದ.

“ಹದಿನೇಳೇ ಇರಲಿ,” ಎಂದ.

“ಲೋ!” ಡೆನಿಸ್ ತಿರುಗಿದ. “ನೊಣಕ್ಕೂ ತಾಳ ಹಾಕ್ಬೇಕಾ ನಾನು?”

“ಹಾಕ್ಬೇಡ. ಹದಿಮೂರು ಬಡಿತ ಥ್ರೆಂಚ್‌ದು. ಆಮೇಲಿನ ನಾಲ್ಕಕ್ಕೆ ಯಾರೂ ಏನೂ ನುಡಿಸೋದಿಲ್ಲ. ಪೂರ್ತಿ ಮೌನ.” ಅವನು ಪೆನ್ಸಿಲನ್ನು ನೋಡುತ್ತಲೇ ಮಾತಾಡಿದ. “ಪ್ರತಿ ವಾರ ಮಿಸ್ ಕ್ರೇಕ್ ಲೆನ್ಸ್ ತಂದು ಕೈಗೆ ಕೊಡ್ತಾರಲ್ಲ, ಬೆರಳಿಗೆ ಬೆರಳು ತಾಗುತ್ತೆ. ಆಗ ನನಗೆ ಏನೂ ಕೇಳಿಸಲ್ಲ. ಸರಿಯಾಗಿ ನಾಲ್ಕು ಬಡಿತ. ಎಣಿಸಿದ್ದೀನಿ.”

“ಎಣಿಸದೇ ಇರ್ತೀಯಾ ನೀನು,” ಎಂದ ಡೆನಿಸ್. “ಅಂದ್ರೆ ನಾಲ್ಕು ಬಡಿತ ನಾನು ಆರಾಮಾಗಿ ಕೂತಿರಬಹುದು? ಮೊದಲೇ ಹೇಳಿದ್ದಿದ್ರೆ ಜನವರಿಲೇ ನಿಮ್ಮಿಬ್ಬರಿಗೂ ಮದುವೆ ಮಾಡಿಸ್ತಿದ್ದೆ.”

ಬುಧವಾರ ಹೆಸ್ಟರ್ ಹತ್ತಿ ಒದ್ದೆ ಮಾಡಿ ನಾಲ್ಕೂ ಆತ್ಮಗಳಿಗೆ ಮುಕ್ತಿ ಕೊಟ್ಟಳು. ಶುಕ್ರವಾರ ಹಾಡು ರೆಕಾರ್ಡ್ ಆಯಿತು.

ಮುಂದಿನ ಮಂಗಳವಾರ ಮೂರೂ ನಲವತ್ತಕ್ಕೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಚಿತ್ರ ಆಗ ಒತ್ತುಹಲಗೆಗಳ ನಡುವೆ ಒಣಗುತ್ತಿತ್ತು, ಮೇಜು ಖಾಲಿ.

“ನೋಡೋಕೆ ಏನೂ ಇಲ್ಲ, ಮಿಸ್ಟರ್ ಪಾಟ್.”

“ಗೊತ್ತು.”

“ಬಂದವರ ಪುಸ್ತಕದಲ್ಲಿ ‘ನೋಡಬೇಕಾದದ್ದು’ ಅಂತ ಒಂದು ಕಾಲಂ ಇದೆ. ಖಾಲಿ ಬಿಡೋ ಹಾಗಿಲ್ಲ.”

ಅವನು ಪೆನ್ಸಿಲ್ ತೆಗೆದು ಅಲ್ಲಿ ಸ್ಪಷ್ಟವಾಗಿ ಬರೆದ: ಹೆಸ್ಟರ್ ಕ್ರೇಕ್. ಆಮೇಲೆ ಕುರ್ಚಿಯನ್ನು ಎತ್ತಿ ತಂದು ಅವಳ ಪಕ್ಕಕ್ಕೆ ಹಾಕಿ ಕೂತ.

“ನಿಯಮ ಆರು ಅಡಿ,” ಎಂದಳು ಹೆಸ್ಟರ್.

“ಅಳೆದು ನೋಡಿ, ಎಷ್ಟು ತಪ್ಪಿದೆ ಅಂತ.”

ಅವಳು ಉಕ್ಕಿನ ಪಟ್ಟಿಯನ್ನು ಎರಡು ಕುರ್ಚಿಗಳ ನಡುವೆ ಹಿಡಿದು, ಬಾಗಿ, ಓದಿದಳು. ಎಂಟೂವರೆ ಇಂಚು.