ಅಳತೆ ಇಲ್ಲದ ಮದುಮಗಳು

"ಮದುಮಗಳನ್ನು ಒಮ್ಮೆ ಕರ್ಕೊಂಡು ಬನ್ನಿ. ಅಳತೆ ತೆಗೀಬೇಕು."

"ಅವಳು ಬರುದಿಲ್ಲ."

"ಹಾಗಾದ್ರೆ ಅವಳ ಹಳೇ ಬ್ಲೌಸ್ ಒಂದು ಕೊಡಿ."

"ಬ್ಲೌಸ್... ಅವಳು ಇದುವರೆಗೆ ಹಾಕಲೇ ಇಲ್ಲ."

ಟೇಪು ಹಿಡಿದಿದ್ದ ನಿಶ್ಮಿತಾಳ ಕೈ ಹಾಗೆಯೇ ನಿಂತಿತು.

ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಮಧ್ಯಾಹ್ನ ಎರಡೂವರೆಗೇ ಸುಳ್ಯ ಪೇಟೆಗೆ ಮುಸ್ಸಂಜೆಯ ಬಣ್ಣ ಬಂದಿತ್ತು. ಮಳೆ ಹಿಡಿದ ಆಟಿ ತಿಂಗಳ ಬೆಳಕು ಅದು... ಇದ್ದೂ ಇಲ್ಲದ ಹಾಗೆ. ಆ ಬೆಳಕಿನಲ್ಲಿ ಕೌಂಟರಿನ ಆಚೆ ನಿಂತವನ ಕಣ್ಣುಗಳಷ್ಟೇ ಸರಿಯಾಗಿ ಕಾಣುತ್ತಿದ್ದವು. ಯಾರನ್ನೋ ವರ್ಷಗಟ್ಟಲೆ ಕಾದು ಸುಸ್ತಾದ ಕಣ್ಣುಗಳು!

'ಇಷ್ಟು ಚಂದದ ಕಣ್ಣಿನವನಿಗೆ ಆಗಲೇ ಮದುವೆ ನಿಶ್ಚಯವಾಗಿದೆಯಾ?' ಎಂದಿತು ಮನಸ್ಸು. ಬಟ್ಟೆಗಾದರೆ ಕತ್ತರಿ ಹಾಕಬಹುದು, ಮನಸ್ಸಿಗೆ ಎಲ್ಲಿ ಹಾಕುವುದು?

ನಿಶ್ಮಿತಾ ಪಂಜದ ಹುಡುಗಿ. ಮಂಗಳೂರಿನಲ್ಲಿ ಫ್ಯಾಶನ್ ಡಿಸೈನ್ ಕೊನೆಯ ವರ್ಷ. ಎರಡು ತಿಂಗಳ ತರಬೇತಿಗೆಂದು ಸತ್ಯವತಿಯವರ ಟೈಲರ್ ಅಂಗಡಿ ಸೇರಿದ್ದಳು. ಈ ಸತ್ಯಕ್ಕ ಹೆಸರಿನಲ್ಲಿ ಸತ್ಯ, ಊರಿನಲ್ಲಿ ಸುಳ್ಯ, ಬ್ಲೌಸ್ ಕೊಡುವ ದಿನದ ವಿಷಯದಲ್ಲಿ ಮಾತ್ರ ಬರೀ ಸುಳ್ಳು! ಆಗ ಅವರು ಊಟಕ್ಕೆ ಹೋಗಿದ್ದರು.

"ಆಟಿಯಲ್ಲಿ ಯಾರು ಮಾರಾಯ್ರೆ ಮದುವೆ ಇಟ್ಟುಕೊಳ್ಳುದು?"

"ಹದಿನೈದು ದಿನದಲ್ಲಿ ಬೇಕು" ಎಂದನಷ್ಟೆ. ಮದುವೆ ಆಟಿ ಕಳೆದು ಸೋಣ ತಿಂಗಳಲ್ಲಿರಬೇಕು, ಬಟ್ಟೆಗೆ ಈಗಲೇ ಅವಸರ ಎಂದುಕೊಂಡಳು ಅವಳು. ಆಟಿಯಲ್ಲಿ ಶುಭಕಾರ್ಯವಿಲ್ಲ ಎಂದು ಗೊತ್ತಿರುವ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಅವನು ಹಸಿರು ರೇಷ್ಮೆ ಸೀರೆಯ ಪೊಟ್ಟಣವನ್ನು ಮುಂದಿಟ್ಟ.

"ಯಾವ ಮಾಡೆಲ್? ಬೋಟ್ ನೆಕ್ಕಾ? ಬುಗ್ಗೆ ತೋಳಾ?"

"ಈಗ ಎಲ್ಲರೂ ಎಂತ ಹಾಕ್ತಾರೋ, ಅದೇ."

ಸಾಕು! ಅವಳ ಬೆಂಕಿಗೆ ಅಷ್ಟೇ ತುಪ್ಪ ಬೇಕಿತ್ತು.

"ಟ್ರೆಂಡ್ ಅಂದ್ರೆ ಊರಿಗೆ ಬಂದ ಜ್ವರ. ಎಲ್ಲರಿಗೂ ಬರ್ತದೆ, ಹೋಗ್ತದೆ. ಸ್ಟೈಲ್ ಅಂದ್ರೆ ನಮ್ಮದೇ ಮೈಯ ಬಿಸಿ. ಜೀವ ಇರುವವರೆಗೆ ನಮ್ಮ ಜೊತೆ ಇರುದು. ನಿಮ್ಮ ಹುಡುಗಿಯದ್ದು ಯಾವ ಸ್ಟೈಲ್ ಹೇಳಿ."

ಜ್ವರ ಎಂದಾಗ ಅವನ ಮುಖ ಬಿಳುಚಿತು. ಬಿಸಿ ಎಂದಾಗ ಕಣ್ಣು ಕೆಳಗಾಯಿತು.

"ನನಗೆ ಗೊತ್ತಿಲ್ಲ."

"ಇಷ್ಟದ ಬಣ್ಣ?"

"ಅದೂ... ಗೊತ್ತಿಲ್ಲ."

"ಎಂತ ಮದುಮಗನಪ್ಪ ನೀವು! ಅಳತೆಯಾದ್ರೂ?"

ಅವನು ಮೊದಲ ಬಾರಿಗೆ ಅವಳನ್ನು ಪೂರ್ತಿಯಾಗಿ ನೋಡಿದ. ತಲೆಯಿಂದ ಭುಜಕ್ಕೆ, ಭುಜದಿಂದ ಕೈಗೆ... ಅವಳಿಗೆ ನಾಚಿಕೆಯ ಬದಲು ಯಾಕೋ ಚಳಿಯಾಯಿತು.

"ನಿಮ್ಮಷ್ಟೇ ಇರ್ತಿದ್ಲೋ ಏನೋ. ನಿಮ್ಮ ಅಳತೆಗೇ ಹೊಲಿಯಿರಿ."

'ಇರ್ತಿದ್ಲು' ಅಂದನಾ? ಕೇಳುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು. ರಸೀದಿಯಲ್ಲಿ ಹೆಸರು ಮಾತ್ರ ಉಳಿಯಿತು: ಹರ್ಷಿತ್, ಐವರ್ನಾಡು.

*

ಮರುದಿನದಿಂದ ಹರ್ಷಿತ್‌ಗೆ ಸುಳ್ಯದಲ್ಲಿ ಕೆಲಸಗಳು ಹುಟ್ಟಿಕೊಂಡವು. ಅವನದ್ದು ರಬ್ಬರ್ ಗಿಡಗಳ ನರ್ಸರಿ. ರಬ್ಬರಿನ ಹಾಗೆಯೇ ಮಾತನ್ನು ಎಳೆಯುತ್ತಿದ್ದ. "ಲೈನಿಂಗ್ ಯಾವುದು ಹಾಕಿದ್ರಿ?" ಎಂದು ಒಂದು ದಿನ, "ಗುಂಡಿಯಾ ಹುಕ್ಕಾ?" ಎಂದು ಇನ್ನೊಂದು ದಿನ.

ನಿಶ್ಮಿತಾ ಅವನೆದುರು ಮಿಮಿಕ್ರಿ ಮಾಡುತ್ತಿದ್ದಳು. ಸತ್ಯಕ್ಕನ "ನಾಳೆ ಖಂಡಿತ ಮಗಾ, ಒಂದು ಹುಕ್ ಮಾತ್ರ ಬಾಕಿ ಉಂಟು!", ಕಾಲೇಜಿನ ಮೇಡಮ್ಮಿನ "ಗರ್ಲ್ಸ್, ಫೀಲ್ ದ ಫ್ಯಾಬ್ರಿಕ್!", ಹೊಲಿಗೆ ಮೆಷಿನ್ನಿನ ಕಟಕಟ... ಅವನು ನಕ್ಕ. ನಕ್ಕು, ತಪ್ಪು ಮಾಡಿದವನಂತೆ ತಟ್ಟನೆ ಬಾಯಿ ಮುಚ್ಚಿಕೊಂಡ.

"ನೀವು ನಕ್ಕರೆ ಯಾರಾದ್ರೂ ಬೈತಾರಾ?"

"ನಾನೊಬ್ಬನೇ ನಕ್ಕ ಹಾಗೆ ಆಗ್ತದೆ."

'ಅವಳನ್ನು ಅಷ್ಟು ಪ್ರೀತಿಸ್ತಾನಾ?' ಅವಳ ಎದೆಯಲ್ಲಿ ಸೂಜಿ ಮುರಿಯಿತು. ಮೆಷಿನ್ನಿನಲ್ಲೂ ಮುರಿಯಿತು, ಆ ಒಂದು ಬ್ಲೌಸಿಗೆ ನಾಲ್ಕು ಸಲ! ಹೊಸ ಸೂಜಿ, ಹೊಸ ನೂಲು. ಆದರೂ ಬಲತೋಳಿನ ಹತ್ತಿರ ಬಂದಾಗ ಬಟ್ಟೆಯನ್ನು ಆಚೆಯಿಂದ ಯಾರೋ ಮೆಲ್ಲ ಹಿಡಿದೆಳೆದಂತೆ ನಿಲ್ಲುತ್ತಿತ್ತು.

'ಬಿಡು ನಿಶ್ಮಿ, ಅದು ನಿನ್ನ ಹೊಟ್ಟೆಕಿಚ್ಚು' ಎಂದುಕೊಂಡಳು. ಬೇರೊಬ್ಬಳ ಮದುವೆಯ ಬ್ಲೌಸನ್ನು ತನ್ನದೇ ಅಳತೆಗೆ ಹೊಲಿಯುವ ಸಂಕಟ ಯಾವ ವೈರಿಗೂ ಬೇಡ...

ಬ್ಲೌಸ್ ಮುಗಿದ ದಿನ ಸತ್ಯಕ್ಕ, "ಹಾಕಿ ನೋಡು ಮಾರಾಯ್ತಿ, ಕುತ್ತಿಗೆ ಕೂತಿತೋ ಇಲ್ವೋ" ಎಂದು ಹೇಳಿ ಚಾ ಕುಡಿಯಲು ಇಳಿದರು.

ನಿಶ್ಮಿತಾ ಪರದೆಯ ಹಿಂದೆ ಹೋದಳು. ಹಸಿರು ರೇಷ್ಮೆ ಮೈಗೆ ತಗಲಿದಾಗ ಬಾವಿಯ ಕಲ್ಲು ಮುಟ್ಟಿದಂತಾಯಿತು. ಹುಕ್ಕುಗಳಿದ್ದದ್ದು ಬೆನ್ನಿಗೆ. ಕೆಳಗಿನದೊಂದನ್ನು ಹೇಗೋ ಸಿಕ್ಕಿಸಿದಳು, ಮೇಲಿನವು ಕೈಗೆ ಎಟುಕಲಿಲ್ಲ. ಅಷ್ಟರಲ್ಲಿ ಬೆನ್ನಿಗೆ ತಣ್ಣನೆಯ ಬೆರಳುಗಳು ತಗಲಿದವು. ಒಂದು... ಎರಡು... ಮೂರು... ಹುಕ್ಕುಗಳು ಸಾಲಾಗಿ ಬಿದ್ದವು.

"ಬೇಗ ಬಂದ್ರಿ ಸತ್ಯಕ್ಕ, ಥ್ಯಾಂಕ್ಸ್!"

ಕನ್ನಡಿಯಲ್ಲಿ ಅವಳೊಬ್ಬಳೇ!

ಕಿಟಕಿಯ ಕೆಳಗಿನ ಹೋಟೆಲಿನಿಂದ ಸತ್ಯಕ್ಕನ ಸ್ವರ ಕೇಳಿಸಿತು: "ನನಗೆ ಸಕ್ಕರೆ ಕಡಿಮೆ!"

ನಿಶ್ಮಿತಾ ಪರದೆ ಕಿತ್ತುಕೊಂಡು ಹೊರಗೋಡಿದಳು. ಬಾಗಿಲಿನಲ್ಲಿ ಹರ್ಷಿತ್ ನಿಂತಿದ್ದ. ಅವನ ಪಕ್ಕದಲ್ಲಿ ಐವತ್ತೈದರ ಹೆಂಗಸು, ಅವನ ತಾಯಿ ದಮಯಂತಿ. ಬ್ಲೌಸನ್ನು ನೋಡಿದ ಆಕೆಯ ಕೈಯಿಂದ ಚೀಲ ಜಾರಿತು.

"ಭವಿತಾ... ಬಂದೆಯಾ ಮಗಳೇ!"

"ಅವ್ವ, ಅದು ಭವಿತಾ ಅಲ್ಲ. ಟೈಲರ್ ಅಂಗಡಿಯ ನಿಶ್ಮಿತಾ."

"ನೀನು ಸುಮ್ಮನಿರು! ಮದುವೆಯ ಅಂಗಿ ಯಾರ ಮೈಗೆ ಕೂತಿದೆಯೋ ಅವಳೇ ನನ್ನ ಮಗಳು. ಹರ್ಷಿತ್, ನೋಡು ಮಗಾ, ನಿನ್ನ ತಂಗಿ!"

ತಂಗಿ!

ಸತ್ಯಕ್ಕ ಓಡಿ ಬಂದು ನೀರು ಕೊಟ್ಟ ಮೇಲೆ ಹರ್ಷಿತ್ ಎಲ್ಲವನ್ನೂ ಹೇಳಿದ. ಭವಿತಾ ಅವನ ಅವಳಿ ತಂಗಿ. ನಾಲ್ಕು ವರ್ಷದವಳಿದ್ದಾಗ ಮೂರು ದಿನದ ಜ್ವರಕ್ಕೆ ಹೋದಳು. ಇದ್ದಿದ್ದರೆ ಈಗ ಇಪ್ಪತ್ತೇಳು. ಅವನ ಮದುವೆ ಮಾತು ಮೂರು ಸಲ ಮುರಿದಾಗ ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದರು. ಅವಳಿಗೆ ಮೊದಲು ಮದುವೆಯಾಗಬೇಕು ಎಂದು ಬಂತು. ಕಡಬದ ಕಡೆ ತೀರಿಹೋಗಿದ್ದ ಹುಡುಗನೊಬ್ಬ ಸಿಕ್ಕಿದ. ಈ ಆಟಿಯಲ್ಲೇ ಇಬ್ಬರಿಗೂ ಕುಲೆ ಮದುವೆ. ಸತ್ತವರ ಹೆಸರಿನಲ್ಲಿ ಬಟ್ಟೆಗಳನ್ನೇ ಕೂರಿಸಿ ಮಾಡುವ ಮದುವೆ.

"ಎರಡು ಕಡೆ ನಿಜ ಹೇಳಿದೆ. ಹೊಲಿಯುದಿಲ್ಲ ಅಂದ್ರು. ಅದಕ್ಕೇ ಇಲ್ಲಿ..." ಅವನು ತಲೆ ತಗ್ಗಿಸಿದ. "ಬದುಕಿರುವವರ ಅಳತೆ ಕೊಡಬಾರದಿತ್ತು. ನನ್ನದೇ ತಪ್ಪು."

ಅವನಿಗೆ ಹುಡುಗಿ ಇಲ್ಲ! ಒಂದು ಕ್ಷಣ ನಿಶ್ಮಿತಾಳ ಎದೆ ಹಕ್ಕಿಯಾಯಿತು. ಮರುಕ್ಷಣವೇ ದಮಯಂತಿ ಅವಳ ಕೆನ್ನೆ ಹಿಡಿದು, "ನನ್ನನ್ನು ಒಮ್ಮೆ ಅವ್ವ ಅನ್ನು ಮಗಳೇ" ಎಂದರು. ಹಕ್ಕಿಯ ರೆಕ್ಕೆ ಕತ್ತರಿಸಿದಂತಾಯಿತು.

ಅವ್ವ ಎಂದರೆ ಹರ್ಷಿತ್ ಎಂದೆಂದಿಗೂ ಅಣ್ಣ. ಅನ್ನದಿದ್ದರೆ, ಇಪ್ಪತ್ತಮೂರು ವರ್ಷ ಕಾದ ಈ ತಾಯಿ...?

*

ನಾಲ್ಕು ದಿನ ದಮಯಂತಿಯ ಫೋನು ಬರುತ್ತಲೇ ಇತ್ತು. "ಮಗಳೇ, ಊಟ ಆಯ್ತಾ?" "ಮಗಳೇ, ಮದುವೆಯ ದಿನ ನೀನೇ ಆ ಅಂಗಿ ಹಾಕಿಕೊಂಡು ಬರ್ಬೇಕು." ಹರ್ಷಿತ್ ಮಾತ್ರ ಒಮ್ಮೆಯೂ ಮಾಡಲಿಲ್ಲ. ಯಾವ ಬಾಯಿಯಿಂದ ಮಾಡಿಯಾನು?

"ಅದನ್ನು ಸುಟ್ಟು ಹಾಕು ಮಾರಾಯ್ತಿ, ನಮಗೆ ಯಾಕೆ ಬೇಕು?" ಎಂದರು ಸತ್ಯಕ್ಕ.

ನಿಶ್ಮಿತಾ ಬ್ಲೌಸನ್ನು ಎದುರಿಗೆ ಹರಡಿಕೊಂಡು ಕೂತಳು. ಅಗಲ ಕುತ್ತಿಗೆ, ಬುಗ್ಗೆ ತೋಳು, ಬೆನ್ನಿಗೆ ಗೊಂಡೆ. ಎಲ್ಲ ಈ ವರ್ಷದ ಟ್ರೆಂಡು. ಅಳತೆ ತನ್ನದು. ಇದರಲ್ಲಿ ಭವಿತಾ ಎಲ್ಲಿದ್ದಾಳೆ? ಊರಿಗೆಲ್ಲ ಪಾಠ ಹೇಳಿದ ನಾನೇ, ಅಳತೆ ಇಲ್ಲದವಳಿಗೆ ಸ್ಟೈಲೂ ಇಲ್ಲ ಎಂದುಕೊಂಡು ಬಿಟ್ಟೆನಲ್ಲ!

ಅವಳು ಬ್ಲೌಸನ್ನು ಚೀಲಕ್ಕೆ ಹಾಕಿಕೊಂಡು ಐವರ್ನಾಡಿನ ಬಸ್ಸು ಹತ್ತಿದಳು.

ದಮಯಂತಿ ಅಂಗಳಕ್ಕೇ ಓಡಿ ಬಂದರು. ಒಳಗೆ ಕಪಾಟು ತೆರೆದು ತೋರಿಸಿದರು. ನಾಲ್ಕು ವರ್ಷದ ಫ್ರಾಕಿನಿಂದ ಹಿಡಿದು ಇಪ್ಪತ್ತೇಳರ ಚೂಡಿದಾರದವರೆಗೆ, ಒಂದೂ ಮಡಿಕೆ ಮುರಿಯದ ಬಟ್ಟೆಗಳು.

"ಇವರಿಬ್ಬರ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಎರಡು ಜೊತೆ ತರುದು. ದಾರಿಯಲ್ಲಿ ಹೋಗುವ ಹುಡುಗಿಯರನ್ನು ನೋಡಿ, ನನ್ನವಳು ಈಗ ಇಷ್ಟು ಎತ್ತರ ಆಗಿರಬಹುದು ಅಂತ ಅಂದಾಜು."

ನಿಶ್ಮಿತಾ ಕಪಾಟಿನ ಬಾಗಿಲನ್ನು ಮೆಲ್ಲ ಮುಚ್ಚಿದಳು. ಬಾಗಿಲಲ್ಲಿ ಹರ್ಷಿತ್ ಉಸಿರು ಹಿಡಿದು ನಿಂತಿದ್ದ.

"ಆಂಟಿ, ಅಂದಾಜು ಬೇಡ. ಅವಳು ಇದ್ದ ನಾಲ್ಕು ವರ್ಷದ್ದು ಹೇಳಿ. ಎಂತ ಹಾಕ್ಲಿಕ್ಕೆ ಇಷ್ಟ ಇತ್ತು ಅವಳಿಗೆ?"

ದಮಯಂತಿಯ ತುಟಿಯಲ್ಲಿ ಮೆಲ್ಲ ನಗು ಮೂಡಿತು.

"ಕಿಸೆ!"

"ಕಿಸೆಯಾ?"

"ಹೌದು ಮಾರಾಯ್ತಿ! ಆಗ ಎಲ್ಲ ಮಕ್ಕಳಿಗೂ ನೆಟ್ಟಿನ, ಫ್ರಿಲ್ಲಿನ ಫ್ರಾಕು. ಇವಳು ಹಾಕಲೇ ಇಲ್ಲ. 'ಹರ್ಷಿತನ ಚಡ್ಡಿಗೆ ಕಿಸೆ ಉಂಟು, ನನಗೆ ಯಾಕೆ ಇಲ್ಲ?' ಅಂತ ನೆಲಕ್ಕೆ ಬಿದ್ದು ಹೊರಳಾಡಿದ್ದು. ಕೊನೆಗೆ ಹಳದಿ ಬಟ್ಟೆಯಲ್ಲಿ ನಾನೇ ದೊಡ್ಡ ಕಿಸೆ ಹೊಲಿದು ಕೊಟ್ಟೆ. ಅದರಲ್ಲಿ ಕೆಂಪು ಮಂಜೊಟ್ಟಿ ಬೀಜ, ಕಲ್ಲು, ಒಮ್ಮೆ ಒಂದು ಜೀವಂತ ಏಡಿ..."

"ಆ ಏಡಿ ನನ್ನನ್ನು ಕಚ್ಚಿತ್ತು" ಎಂದ ಹರ್ಷಿತ್. ಇಪ್ಪತ್ತಮೂರು ವರ್ಷಗಳಲ್ಲಿ ಆ ಮನೆಯವರು ಅವಳ ಸಾವನ್ನು ನೆನೆದದ್ದೇ ಹೆಚ್ಚು, ಅವಳ ಹಠವನ್ನು ನೆನೆದದ್ದು ಇದೇ ಮೊದಲು!

ನಿಶ್ಮಿತಾ ಅಲ್ಲೇ ನೆಲದಲ್ಲಿ ಕೂತು ಬ್ಲೌಸಿನ ಹೊಲಿಗೆ ಬಿಚ್ಚಿದಳು. ಗೊಂಡೆ ಕಿತ್ತಳು. ಬುಗ್ಗೆ ತೋಳು ತೆಗೆದು ನೇರ ಮಾಡಿದಳು. ಎರಡೂ ಬದಿಯನ್ನು ತನ್ನ ಮೈಗೆ ಎಂದೂ ಹತ್ತದಷ್ಟು ಒಳಗೆ ಹಿಡಿದಳು. ಎಡಗಡೆ, ಸೊಂಟದ ಮೇಲೆ, ದಮಯಂತಿ ತಂದುಕೊಟ್ಟ ಹಳದಿ ಬಟ್ಟೆಯ ದೊಡ್ಡದೊಂದು ಕಿಸೆ ಇಟ್ಟಳು. ಯಾವ ಫ್ಯಾಶನ್ ಶೋದಲ್ಲೂ ಯಾರೂ ನೋಡದ ಮದುವೆ ಬ್ಲೌಸ್! ಆ ಮನೆಯ ಹಳೇ ಮೆಷಿನ್ನಿನಲ್ಲಿ ಈ ಸಲ ಸೂಜಿ ಮುರಿಯಲಿಲ್ಲ. ಬಲತೋಳಿನ ಹತ್ತಿರವೂ ಬಟ್ಟೆ ತಾನೇ ಮುಂದೆ ಸರಿದು ಕೊಟ್ಟಿತು. ಆ ಸರಾಗಕ್ಕೇ ಅವಳ ಮೈಮೇಲಿನ ಕೂದಲು ನಿಮಿರಿತು.

ದಮಯಂತಿ ಕಿಸೆಯೊಳಗೆ ಕೈ ಹಾಕಿದರು. ಹಾಗೆಯೇ ಬ್ಲೌಸನ್ನು ಎದೆಗೊತ್ತಿಕೊಂಡು, ಅಂದು ಅಳಲಾಗದ್ದನ್ನೆಲ್ಲ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನಿಶ್ಮಿತಾಳನ್ನು ಹೊಸಬಳನ್ನು ನೋಡುವಂತೆ ನೋಡಿದರು.

"ಇದು ನನ್ನ ಮಗಳದ್ದು. ನೀನು... ನೀನು ನನ್ನ ಮಗಳಲ್ಲ ಅಲ್ವಾ?"

"ಅಲ್ಲ ಆಂಟಿ."

ಅಲ್ಲ ಎನ್ನುವ ಮಾತು ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ!

*

ಮದುವೆಯ ಸಂಜೆ. ಒಳಗೆ ಎರಡು ಮಣೆಗಳು. ಒಂದರ ಮೇಲೆ ಬಿಳಿ ಪಂಚೆ, ಅಂಗಿ. ಇನ್ನೊಂದರ ಮೇಲೆ ಹಸಿರು ಸೀರೆ, ಕಿಸೆಯ ಬ್ಲೌಸು. ಕಡಬದವರು ಹೂಮಾಲೆ ತಂದಿದ್ದರು. ಮದುವೆಯಾಗದವರು ಇದನ್ನು ನೋಡಬಾರದು. ಹಾಗಾಗಿ ಹರ್ಷಿತ್ ಮತ್ತು ನಿಶ್ಮಿತಾಳನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದ್ದರು.

ಇಬ್ಬರೂ ಅಂಗಳದ ತುದಿಯ ಕಟ್ಟೆಯಲ್ಲಿ ಮನೆಗೆ ಬೆನ್ನು ಹಾಕಿ ಕೂತರು. ನಡುವೆ ಒಂದು ಗೇಣು ಜಾಗ.

"ಆ ದಿನ ಅವ್ವ ನಿಮ್ಮನ್ನು ತಂಗಿ ಅಂದಾಗ," ಎಂದ ಹರ್ಷಿತ್, "ನನಗೆ ಜೀವ ಹೋದ ಹಾಗಾಯ್ತು. ತಂಗಿ ಸಿಕ್ಕಿದ್ಲು ಅಂತ ಅವ್ವನಿಗೆ ಖುಷಿ. ನನಗೆ... ನಿಮ್ಮನ್ನು ಕಳಕೊಂಡೆ ಅಂತ. ಎಂತ ಪಾಪಿ ನಾನು ಅಂತ ನಾಲ್ಕು ದಿನ ಫೋನೂ ಮಾಡ್ಲಿಲ್ಲ."

"ಫೋನ್ ಮಾಡಿದ್ರೆ ಎಂತ ಹೇಳ್ತಿದ್ರಿ?"

"ನೀನು ಬೇಕು ಅಂತ."

ನೀವು ನೀನಾಗಿತ್ತು. ನಿಶ್ಮಿತಾಳಿಗೆ ಮಿಮಿಕ್ರಿಗೆ ಒಂದು ಸ್ವರವೂ ಸಿಗಲಿಲ್ಲ. ಅವನ ಕೈಯ ಮೇಲೆ ಕೈ ಇಟ್ಟಳು.

ಒಳಗೆ ಯಾರೋ "ಮಾಲೆ ಹಾಕಿ" ಎಂದರು. ಅದೇ ಕ್ಷಣ ಅವಳ ಕುರ್ತಾದ ಅಂಚನ್ನು ಹಿಂದಿನಿಂದ ಯಾರೋ ಎಳೆದರು. ಕೆಳಗಿನಿಂದ, ನಾಲ್ಕು ವರ್ಷದ ಮಗುವಿನ ಎತ್ತರದಿಂದ...

"ಹರ್ಷಿತ್... ನೀವು ಎಳೆದ್ರಾ?"

"ಇಲ್ಲ." ಅವನ ಮುಖ ಬೆಳ್ಳಗಾಗಿತ್ತು. "ನನ್ನ ಅಂಗಿಯನ್ನೂ ಎಳೆದ ಹಾಗಾಯ್ತು."

ನಡುವಿನ ಗೇಣು ಜಾಗ ಈಗ ಇರಲಿಲ್ಲ. ಇಬ್ಬರ ಭುಜಗಳೂ ತಾಗಿಕೊಂಡಿದ್ದವು. ಯಾರು ಸರಿದರು, ಯಾರು ಸರಿಸಿದರು, ಇಬ್ಬರಿಗೂ ತಿಳಿಯಲಿಲ್ಲ.

"ತಿರುಗಿ ನೋಡ್ಲಾ?" ಎಂದು ಪಿಸುಗುಟ್ಟಿದಳು.

"ಬೇಡ. ಮದುವೆ ಆಗದವರು ನೋಡಬಾರದು."

"ನನಗೆ ಅವಳನ್ನು ನೋಡ್ಬೇಕು ಅಂತ ಉಂಟಲ್ಲ..."

ಹರ್ಷಿತ್ ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. "ಹಾಗಾದ್ರೆ ಮೊದಲು ನಾವು ನೋಡಬಹುದಾದವರು ಆಗುವ. ಸೋಣ ಬರ್ಲಿ, ಪಂಜಕ್ಕೆ ಹೆಣ್ಣು ಕೇಳ್ಲಿಕ್ಕೆ ಅವ್ವನನ್ನು ಕರ್ಕೊಂಡು ಬರ್ತೇನೆ. ಆಗಬಹುದಾ?"

"ಬನ್ನಿ" ಎಂದಳು ನಿಶ್ಮಿತಾ, ಹಿಂದೆ ತಿರುಗದೆ. "ಆ ದಿನ ನಾನು ಅವರನ್ನು ಅವ್ವ ಅಂತ್ಲೇ ಕರೀತೇನೆ."