ಕ್ಯಾಥರೀನ್ ರಾಣಿಯ ದಾಳಿಂಬೆ

“ತಲೆ ಕಡಿಸ್ಕೊಳ್ಳೋದು ನಾನೇ! ಮಿಸ್, ಹೋದ ವಾರಾನೇ ನೀವು ಹೇಳಿದ್ರಿ!”

“ಇಬ್ಬರು ರಾಣಿಯರ ತಲೆ ಹೋಗುತ್ತೆ ಕಣೆ. ಒಂದು ನಿಂಗೆ, ಒಂದು ನಂಗೆ. ಯಾಕೆ ಕಿರುಚ್ತೀಯ?”

“ಮಿಸ್, ಟೊಮೇಟೊ ಸಾಸ್ ತರ್ಲಾ? ರಕ್ತಕ್ಕೆ?”

“ಚರ್ಚಿನೊಳಗೆ ಸಾಸ್ ಬೇಡ,” ಎಂದರು ಮಿಸ್ ಹ್ಯಾಲಮ್. “ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ. ಮೊದಲಿಂದ ಶುರು ಮಾಡೋಣ.”

ಪ್ರತಿ ಜನವರಿಯಲ್ಲೂ ಇಂಗ್ಲೆಂಡಿನ ಪೀಟರ್‌ಬರೋದ ದೊಡ್ಡ ಚರ್ಚಿನಲ್ಲಿ ಕ್ಯಾಥರೀನ್ ರಾಣಿಯ ನೆನಪಿಗೆ ಪ್ರಾರ್ಥನೆ ನಡೆಯುತ್ತದೆ. ಸುಮಾರು ಐನೂರು ವರ್ಷಗಳ ಹಿಂದೆ ಆಳಿದ ಎಂಟನೇ ಹೆನ್ರಿ ರಾಜನ ಆರು ಹೆಂಡಿರಲ್ಲಿ ಅವಳೇ ಮೊದಲನೆಯವಳು. ಸ್ಪೇನಿನಿಂದ ಬಂದ ಅವಳನ್ನು ರಾಜ ಆಮೇಲೆ ಬಿಟ್ಟು, ಮಗಳಿಂದಲೂ ದೂರ ಇಟ್ಟಿದ್ದ. ಅವಳ ಗೋರಿ ಅಲ್ಲೇ ಇದೆ. ಈ ವರ್ಷ ಪ್ರಾರ್ಥನೆಗೆ ಮೊದಲು ಒಂದು ಸಣ್ಣ ನಾಟಕ ಆಡುವ ಸರದಿ ಟಿಲ್ಡಾಳ ಕ್ಲಾಸಿನದು.

ಟಿಲ್ಡಾಗೆ ಕ್ಯಾಥರೀನಳ ಪಾತ್ರ. ಕರಿ ಉಡುಪು, ಮನೆಯ ಸೂರಿನ ಆಕಾರದ ರಟ್ಟಿನ ಟೋಪಿ. ಹೆನ್ರಿ ಆದವನು ಡೆಕ್ಲನ್. ಅವನು ಸ್ವೆಟರಿನೊಳಗೆ ದಿಂಬು ತುರುಕಿಕೊಂಡು ಹೊಟ್ಟೆ ಮಾಡಿಕೊಂಡಿದ್ದ.

ಟಿಲ್ಡಾ ಎರಡು ಬೆಂಚು ಜೋಡಿಸಿದ ಮಂಚದ ಮೇಲೆ ಮಲಗಿದಳು.

“ಮಹಾರಾಜರೇ, ನಾನು ಸಾಯುತ್ತಿದ್ದೇನೆ. ನನ್ನ ಮಗಳು ಮೇರಿಯನ್ನು ಒಂದು ಸಲ ನೋಡಬೇಕು. ಅವಳನ್ನು ಕಳಿಸಿಕೊಡಿ.”

“ಇಲ್ಲ!” ಎಂದು ಡೆಕ್ಲನ್ ಗುಡುಗಿದ. ದಿಂಬು ಜಾರಿ ಮೊಣಕಾಲಿಗೆ ಬಂತು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

ಟಿಲ್ಡಾ ಎದ್ದು ಕುಳಿತಳು. “ಮಿಸ್, ಮೇರಿ ಸುಮ್ನೆ ಹೊರಟು ಬರಬಹುದಿತ್ತಲ್ಲ?”

“ರಾಜನ ಅಪ್ಪಣೆ ಇರಲಿಲ್ಲ. ಅಮ್ಮ ಮಗಳು ಸೇರಿದ್ರೆ ತನ್ನ ಮೇಲೆ ಏನಾದ್ರೂ ಹೂಡ್ತಾರೆ ಅಂತ ಅವನಿಗೆ ಭಯ.”

“ಆಮೇಲೆ? ನೋಡೋಕೆ ಆಯ್ತಾ?”

“ಇಲ್ಲ. ಮಣ್ಣು ಮಾಡೋವಾಗಲೂ ಬಿಡಲಿಲ್ಲ.”

“ರಾಣಿ ಎಲ್ಲಿದ್ಲು ಆಗ? ಸ್ಪೇನಿನಲ್ಲಾ?”

“ಕಿಂಬೋಲ್ಟನ್‌ನಲ್ಲಿ. ಇಲ್ಲೇ, ಕಾರಿನಲ್ಲಿ ಹೋದ್ರೆ ಒಂದು ಗಂಟೆಯೂ ಬೇಡ.”

ಟಿಲ್ಡಾ ಮತ್ತೆ ಬೆಂಚಿನ ಮೇಲೆ ಮಲಗಿದಳು. ಅವಳ ಅಪ್ಪ ಇರುವ ಜಾಗಕ್ಕೆ ಕಾರೂ ಬೇಡ. ಬಸ್ಸು ಹತ್ತಿ ಸೇತುವೆ ದಾಟಿದರೆ ಸಾಕು. ಕ್ರಿಸ್‌ಮಸ್ ಮುಗಿದ ಮೇಲೆ ಅಪ್ಪ ಕಂಬಳಿ ಹೊದ್ದು, ಅಮ್ಮನ ಭುಜ ಹಿಡಿದು ಮನೆಯಿಂದ ಹೊರಟಿದ್ದ. ಅಂದಿನಿಂದ ಅವಳು ಅವನನ್ನು ನೋಡಿಲ್ಲ.

ಕೋಟು ಹಾಕಿಕೊಳ್ಳುವಾಗ ಡೆಕ್ಲನ್ ಪಕ್ಕಕ್ಕೆ ಬಂದ. ದಿಂಬು ಮತ್ತೆ ಹೊಟ್ಟೆಗೆ ಸೇರಿತ್ತು.

“ನಿಮ್ಮಪ್ಪ ಹೊಳೆ ಆಚೆ ಆ ಆರೈಕೆ ಮನೇಲಿ ಇದ್ದಾರಂತೆ?”

“ಹೂಂ. ನೋವು ಕಡಿಮೆ ಮಾಡ್ತಾರೆ ಅಲ್ಲಿ.”

“ನಮ್ಮ ತಾತನ್ನೂ ಅಲ್ಲಿಗೇ ಕರ್ಕೊಂಡು ಹೋಗಿದ್ರು. ಅಲ್ಲಿಗೆ ಹೋದವರು ಯಾರೂ ವಾಪಸ್ ಬರಲ್ಲ.”

ಅವನು ಅದನ್ನು ಕೀಟಲೆಗೆ ಹೇಳಿರಲಿಲ್ಲ. ನಾಳೆ ಸ್ವಿಮ್ಮಿಂಗ್ ಇದೆ ಎನ್ನುವ ಹಾಗೆ ಹೇಳಿದ್ದ.

“ಸುಳ್ಳುಬುರುಕ!” ಟಿಲ್ಡಾ ದಿಂಬಿಗೆ ಒಂದು ಗುದ್ದು ಕೊಟ್ಟು ಹೊರಗೆ ಓಡಿದಳು.

*

ಅಪ್ಪನನ್ನು ನೋಡಿಕೊಂಡು ಅಮ್ಮ ಬಂದಾಗ ಹೊರಗೆ ಕತ್ತಲಾಗಿತ್ತು. ಕೋಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಳು. ಅಜ್ಜಿ ಟೋಸ್ಟಿನ ಮೇಲೆ ಬೀನ್ಸ್ ಸುರಿದು ಮುಂದಿಟ್ಟಳು. ಅಪ್ಪನ ಅಮ್ಮ ಅವಳು. ಅಪ್ಪ ಆರೈಕೆ ಮನೆಗೆ ಹೋದ ಮೇಲೆ ಇಲ್ಲೇ ಇದ್ದಾಳೆ.

“ತಿನ್ನು. ನೀನೂ ಬಿದ್ದುಹೋದ್ರೆ ಯಾರು ಗತಿ?”

ಅಮ್ಮ ಮುಳ್ಳುಚಮಚ ಎತ್ತಿಕೊಂಡು ಹಾಗೆಯೇ ಹಿಡಿದಿದ್ದಳು.

“ನಾಳೆ ನಾನೂ ಬರ್ತೀನಿ,” ಎಂದಳು ಟಿಲ್ಡಾ.

“ನಾಳೆ ಬೇಡ.”

“ನಾಡಿದ್ದು?”

“ನೋಡೋಣ.”

“ಬರೀ ನೋಡೋಣ ನೋಡೋಣ ಅಂತೀಯ. ಮೊದಲು ಜ್ವರ ಇಳೀಲಿ ಅಂದೆ. ಆಮೇಲೆ ನಿದ್ದೆ ಮಾಡ್ತಿದ್ದಾನೆ ಅಂದೆ. ದಿನಾ ನಿದ್ದೆ ಮಾಡ್ತಾನಾ?”

“ಹೆಚ್ಚು ಹೊತ್ತು.”

“ನೀನು ಹೆನ್ರಿ ಥರಾ!”

ಅಜ್ಜಿ ಕೈಯಲ್ಲಿದ್ದ ಪಾತ್ರೆಯನ್ನು ಠಪ್ಪೆಂದು ಇಟ್ಟಳು. “ಏಯ್! ಅಮ್ಮನ ಹತ್ರ ಹಾಗಾ ಮಾತಾಡೋದು?”

ಅಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಟಿಲ್ಡಾಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಮ್ಮ ತಟ್ಟೆಯನ್ನೇ ನೋಡುತ್ತ ಹೇಳಿದಳು, “ನಾನಲ್ಲ ಬೇಡ ಅಂದಿದ್ದು. ಅಪ್ಪ.”

“ಏನು?”

“ಅವಳನ್ನ ಕರ್ಕೊಂಡು ಬರಬೇಡ ಅಂತ ಅಪ್ಪಾನೇ ಹೇಳಿದಾನೆ.”

ಟಿಲ್ಡಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ಒಲೆಯ ಕಡೆ ತಿರುಗಿಕೊಂಡಳು.

ಕೋಣೆಗೆ ಹೋಗಿ ಟಿಲ್ಡಾ ಕನ್ನಡಿಯ ಮುಂದೆ ನಿಂತಳು. ಕ್ಯಾಥರೀನ್ ಮಗಳನ್ನು ನೋಡಬೇಕು ಅಂದಿದ್ದಳು. ಅಪ್ಪ ಬೇಡ ಅಂದಿದ್ದಾನೆ. ನಾಟಕದಲ್ಲಿ ಬೈಯುವುದಕ್ಕೆ ಒಬ್ಬ ರಾಜನಿದ್ದ. ಇಲ್ಲಿ ಯಾರನ್ನು ಬೈಯುವುದು? ಕನ್ನಡಿಯಲ್ಲಿ ತುಟಿ ಬಿಗಿದ ಒಬ್ಬ ಹುಡುಗಿ ಇದ್ದಳು. ಟಿಲ್ಡಾಗೆ ಆ ಮುಖ ಹಿಡಿಸಲಿಲ್ಲ.

*

ಶುಕ್ರವಾರ ಚರ್ಚಿನೊಳಗೆ ಹೊರಗಿಗಿಂತ ಹೆಚ್ಚು ಚಳಿ. ರಾಣಿಯರು ಉಡುಪಿನ ಒಳಗೆ ಎರಡೆರಡು ಸ್ವೆಟರ್ ಹಾಕಿದ್ದರು. ಡೆಕ್ಲನ್ ದಿಂಬಿಗೆ ಬೆಲ್ಟ್ ಬಿಗಿದಿದ್ದ. ಅವನ “ಇಲ್ಲ!” ಕಲ್ಲಿನ ಕಂಬಗಳಿಗೆಲ್ಲ ಬಡಿದು ವಾಪಸ್ ಬಂತು. ಈ ಸಲ ಯಾರೂ ನಗಲಿಲ್ಲ.

ನಾಟಕ ಮುಗಿಯಿತು. ಈಗ ಟಿಲ್ಡಾಳ ಕೊನೆಯ ಕೆಲಸ. ಮಿಸ್ ಹ್ಯಾಲಮ್ ಅವಳ ಕೈಗೆ ಒಂದು ದಾಳಿಂಬೆ ಕೊಟ್ಟರು. ದಾಳಿಂಬೆ ಕ್ಯಾಥರೀನಳ ಗುರುತು. ಅವಳನ್ನು ನೋಡಲು ಬರುವವರು ಗೋರಿಯ ಮೇಲೆ ಅದನ್ನೇ ಇಟ್ಟು ಹೋಗುತ್ತಾರೆ. ಅದಕ್ಕೇ ಅಜ್ಜಿ ಆ ಹಣ್ಣನ್ನು ಮನೆಯೊಳಗೆ ಸೇರಿಸುವುದಿಲ್ಲ. ಅಂಗಡಿಯಲ್ಲಿ ಕಂಡರೂ “ಗೋರಿ ಹಣ್ಣು” ಎಂದು ಆಚೆ ಸರಿಯುತ್ತಾಳೆ. ಟಿಲ್ಡಾ ಅದರ ರುಚಿ ನೋಡಿಯೇ ಇಲ್ಲ.

ಕರಿಯ ಕಲ್ಲಿನ ಮೇಲೆ ಆಗಲೇ ಬೇಕಾದಷ್ಟು ದಾಳಿಂಬೆಗಳಿದ್ದವು. ಕೆಲವು ಹೊಸವು. ಕೆಲವು ಒಣಗಿ ಸುಕ್ಕಾಗಿದ್ದವು. ಒಂದು ಕೊಳೆತು ಒಡೆದಿತ್ತು. ಅದರ ಬೀಜಗಳು ಯಾರೂ ಮುಟ್ಟದೆ ಕಪ್ಪಾಗಿದ್ದವು.

ಟಿಲ್ಡಾ ಬಗ್ಗಿದಳು. ಹಣ್ಣು ಕೈಯಲ್ಲೇ ಇತ್ತು.

ಇಷ್ಟೊಂದು ಹಣ್ಣು, ಇಷ್ಟೊಂದು ಜನ. ರಾಣಿ ಸಾಯುವಾಗ ಮಗಳನ್ನೇ ಹತ್ತಿರ ಬಿಡಲಿಲ್ಲ.

“ಇಡು,” ಎಂದು ಹಿಂದಿನಿಂದ ಡೆಕ್ಲನ್ ಪಿಸುಗುಟ್ಟಿದ. “ಏಯ್, ಇಡೇ!”

ಟಿಲ್ಡಾ ನೆಟ್ಟಗೆ ನಿಂತಳು. ಹಣ್ಣನ್ನು ಉಡುಪಿನ ಅಗಲವಾದ ತೋಳಿನೊಳಗೆ ಸೇರಿಸಿ, ತಲೆ ತಗ್ಗಿಸಿ, ಹಿಂದೆ ಹಿಂದೆ ನಡೆದು ಸಾಲಿಗೆ ಬಂದಳು. ರಾಶಿಗೆ ಹೊಸದೊಂದು ಸೇರದೆ ಇದ್ದದ್ದು ಮುಂದೆ ಕುಳಿತವರಿಗೆ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಅಮ್ಮ ಮತ್ತು ಅಜ್ಜಿ ಇದ್ದರು. ಅಮ್ಮ ನೋಡಿದ್ದಳು.

ಹೊರಗೆ ಬಂದಾಗ ಅಮ್ಮ ಕೇಳಿದಳು, “ಯಾಕೆ ಇಡಲಿಲ್ಲ?”

“ಇದು ಅಪ್ಪನಿಗೆ.”

“ಅಯ್ಯೋ ದೇವರೇ!” ಅಜ್ಜಿ ಟಿಲ್ಡಾಳ ಮೊಣಕೈ ಹಿಡಿದುಕೊಂಡಳು. “ಗೋರಿ ಹಣ್ಣನ್ನ ಬದುಕಿರೋನಿಗೆ ಕೊಡ್ತಾರೇನೇ? ತಲೆ ಕೆಟ್ಟಿದೆಯಾ? ಹೋಗು, ಇಟ್ಟು ಬಾ!”

“ರಾಣಿ ಸತ್ತ ಮೇಲೆ ಎಲ್ಲರೂ ತಂದುಕೊಟ್ರು. ಅವಳು ತಿಂತಾಳಾ? ಅಲ್ಲಿ ಕೊಳೀತಾ ಇದೆ ಅಜ್ಜೀ, ನಾನೇ ನೋಡ್ದೆ.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

ಟಿಲ್ಡಾಳ ರಟ್ಟಿನ ಟೋಪಿ ವಾರೆಯಾಗಿ ಕಣ್ಣಿನ ಮೇಲೆ ಬಂದಿತ್ತು. ಅದರ ಕೆಳಗಿನಿಂದ ಅವಳಿಗೆ ಅಮ್ಮನ ಬೂಟು ಮಾತ್ರ ಕಾಣುತ್ತಿತ್ತು. ಬೂಟು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಬಸ್ ಸ್ಟಾಪಿನ ಕಡೆ ತಿರುಗಿತು.

“ಬಾ,” ಎಂದಳು ಅಮ್ಮ.

“ಅವನು ಬೇಡ ಅಂದಿದಾನಲ್ಲ!” ಎಂದಳು ಅಜ್ಜಿ.

“ಅಂದಿದಾನೆ,” ಎಂದಳು ಅಮ್ಮ. ನಿಲ್ಲಲಿಲ್ಲ. ಅಜ್ಜಿ ಚರ್ಚಿನ ಬಾಗಿಲಲ್ಲೇ ಉಳಿದಳು.

*

ಕೋಣೆಯಲ್ಲಿ ಸೆಕೆ. ಕಿಟಕಿಯಾಚೆ ಹಕ್ಕಿಗಳಿಗೆ ಕಾಳು ಹಾಕುವ ಡಬ್ಬಿ ನೇತಾಡುತ್ತಿತ್ತು. ಮಂಚದ ಮೇಲೆ ಯಾರೋ ಮುದುಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೇರೆ ಕೋಣೆಗೆ ಬಂದೆವು ಎಂದು ಟಿಲ್ಡಾ ಅಂದುಕೊಂಡಳು. ಆಮೇಲೆ ಹೊದಿಕೆಯ ಮೇಲಿದ್ದ ಕೈ ನೋಡಿದಳು. ಹೆಬ್ಬೆರಳಿನ ಮೇಲೆ ಗಾಯದ ಗುರುತು. ಲಾರಿಯ ಬಾಗಿಲಿಗೆ ಸಿಕ್ಕಿ ಆದದ್ದು.

“ಯಾರದು?” ಎಂದ ಅಪ್ಪ. ದನಿ ಮಾತ್ರ ಹಳೆಯದೇ.

ಟಿಲ್ಡಾಗೆ ಓಡಿಹೋಗಬೇಕು ಅನ್ನಿಸಿತು. ಅವಳ ಬಾಯಿಗೆ ಬಂದದ್ದು ನಾಟಕದ ಮಾತು.

“ನಾನು ಇಂಗ್ಲೆಂಡಿನ ರಾಣಿ ಕ್ಯಾಥರೀನ್.”

ಅಪ್ಪ ನಿಧಾನವಾಗಿ ತಿರುಗಿದ. ಮುಖ ಹಳದಿಯಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಅವಳನ್ನು ಕಂಡೊಡನೆ ಕೈಯಿಂದ ಮುಖ ಮುಚ್ಚಿಕೊಂಡ.

“ಕರ್ಕೊಂಡು ಬರಬೇಡ ಅಂದಿದ್ನಲ್ಲ,” ಎಂದ ಅಮ್ಮನಿಗೆ.

“ಅವಳೇ ಬಂದ್ಲು,” ಎಂದಳು ಅಮ್ಮ.

ಟಿಲ್ಡಾ ಮಂಚದ ಹತ್ತಿರ ಹೋಗಿ ದಾಳಿಂಬೆಯನ್ನು ಹೊದಿಕೆಯ ಮೇಲೆ ಇಟ್ಟಳು. ಅಪ್ಪ ಬೆರಳ ಸಂದಿಯಿಂದ ನೋಡಿದ. ಅವನ ಭುಜ ಅಲುಗಾಡಿತು. ಅಳುತ್ತಿದ್ದಾನೆ ಎಂದು ಅವಳಿಗೆ ಭಯವಾಯಿತು. ಅವನು ನಗುತ್ತಿದ್ದ.

“ಎಲ್ಲಿಂದ ಎತ್ಕೊಂಡು ಬಂದೆ ಇದನ್ನ? ಗೋರಿಯಿಂದಾನಾ?”

“ಗೋರಿ ಮೇಲೆ ಇಡಲೇ ಇಲ್ಲ.”

“ನಿಮ್ಮಜ್ಜಿ ನೋಡಿದ್ಲಾ?”

“ನೋಡಿದ್ಲು. ಅಯ್ಯೋ ದೇವರೇ ಅಂದ್ಲು.”

ಅಪ್ಪ ಇನ್ನಷ್ಟು ನಕ್ಕ, ಕೆಮ್ಮಿದ, ಉಸಿರು ಎಳೆದುಕೊಂಡ. “ಮಹಾರಾಣಿಯವರೇ, ನಾನಿನ್ನೂ ಸತ್ತಿಲ್ಲ ಕಣೆ.”

“ಅದಕ್ಕೇ ಈಗ ತಂದೆ.”

ಅಪ್ಪ ನಗು ನಿಲ್ಲಿಸಿದ. ಮುಖದ ಮೇಲಿನ ಕೈ ತೆಗೆದ.

ನರ್ಸ್ ಒಂದು ಚಾಕು, ಒಂದು ಬಟ್ಟಲು ತಂದುಕೊಟ್ಟಳು. ಹೇಗೆ ಬಿಡಿಸಬೇಕೆಂದು ಮೂವರಿಗೂ ಗೊತ್ತಿರಲಿಲ್ಲ. ಅಮ್ಮ ಸೇಬಿನ ಹಾಗೆ ಎರಡು ಹೋಳು ಮಾಡಿದಳು. ರಸ ಚಿಮ್ಮಿ ಬಿಳಿ ಹೊದಿಕೆಯ ಮೇಲೆಲ್ಲ ಬಿತ್ತು.

“ತಲೆ ಕಡಿದ ಹಾಗೇ ಆಯ್ತು,” ಎಂದ ಅಪ್ಪ.

ಟಿಲ್ಡಾ ಒಂದು ಬೀಜ ಅವನ ತುಟಿಗೆ ಇಟ್ಟಳು. ಅವನು ಅದನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ರಸ ಮಾತ್ರ ಒಳಗೆ ಹೋಯಿತು. ಬೀಜವನ್ನು ಅಮ್ಮ ಕಾಗದದಲ್ಲಿ ತೆಗೆದುಕೊಂಡಳು.

“ಚೆನ್ನಾಗಿದೆಯಾ?”

“ಹುಳಿ.” ಅಪ್ಪ ಕಣ್ಣು ಮುಚ್ಚಿದ. “ಚೆನ್ನಾಗಿದೆ.” ಕಣ್ಣು ತೆರೆದು ಕೇಳಿದ, “ನನ್ನ ನೋಡಿ ಹೆದರಿಕೆ ಆಯ್ತಾ ಮರಿ?”

ಇಲ್ಲ ಎನ್ನಬೇಕು ಎಂದು ಟಿಲ್ಡಾಗೆ ಗೊತ್ತಿತ್ತು.

“ಆಯ್ತು.”

“ನಂಗೂ,” ಎಂದ ಅಪ್ಪ.

ಅವಳು ಅವನ ಹೆಬ್ಬೆರಳು ಹಿಡಿದುಕೊಂಡಳು. ಗಾಯದ ಗುರುತು ಹಾಗೆಯೇ ಒರಟಾಗಿತ್ತು. ಆಮೇಲೆ ಅಪ್ಪ ನಿದ್ದೆ ಹೋದ. ಅವನ ತುಟಿ ಕೆಂಪಾಗಿತ್ತು. ಕಿಟಕಿಯ ಹೊರಗೆ ಒಂದು ಹಕ್ಕಿ ಬಂದು ಕಾಳು ತಿಂದು ಹಾರಿಹೋಯಿತು. ಬಟ್ಟಲಿನಲ್ಲಿ ಉಳಿದ ಬೀಜಗಳನ್ನು ಅಮ್ಮ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಏನು ತಿನ್ನುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲವೇನೋ. ಟಿಲ್ಡಾ ಸುಮ್ಮನೆ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದಳು.

“ನಾಳೆ?” ಎಂದು ಮೆಲ್ಲಗೆ ಕೇಳಿದಳು.

“ನಾಳೆ ಬರೋಣ,” ಎಂದಳು ಅಮ್ಮ.

*

ಅಪ್ಪ ಫೆಬ್ರವರಿಯಲ್ಲಿ ತೀರಿಕೊಂಡ. ಅದಕ್ಕೆ ಮೊದಲು ಟಿಲ್ಡಾ ದಿನವೂ ಶಾಲೆ ಬಿಟ್ಟ ಮೇಲೆ ಸೇತುವೆ ದಾಟಿ ಹೋಗುತ್ತಿದ್ದಳು. ಕೆಲವು ದಿನ ಅಪ್ಪ ಮಾತಾಡಿದ. ಕೆಲವು ದಿನ ಕಣ್ಣೇ ತೆರೆಯಲಿಲ್ಲ. ಆಗ ಅವಳು ಪಕ್ಕದಲ್ಲಿ ಕುಳಿತು ಹೋಮ್‌ವರ್ಕ್ ಮಾಡಿದಳು.

ಅವಳು ಮತ್ತೆ ಶಾಲೆಗೆ ಬಂದ ದಿನ ಡೆಕ್ಲನ್ ಬೆಂಚಿನಲ್ಲಿ ಸರಿದು ಜಾಗ ಬಿಟ್ಟ. ಪೆನ್ಸಿಲ್ ಕಚ್ಚಿದ.

“ವಾಪಸ್ ಬರಲಿಲ್ಲ, ಅಲ್ವಾ?”

“ಇಲ್ಲ,” ಎಂದಳು ಟಿಲ್ಡಾ. “ನಾನೇ ಹೋಗ್ತಿದ್ದೆ.”

ಡೆಕ್ಲನ್ ತಲೆಯಾಡಿಸಿದ. “ನಮ್ಮ ತಾತನ ಹತ್ರ ನನ್ನ ಬಿಡಲೇ ಇಲ್ಲ,” ಎಂದ.

ಕ್ಲಾಸಿನಲ್ಲಿ ಪಾಠ ಮುಂದೆ ಹೋಗಿತ್ತು. ಹೆನ್ರಿ ಸತ್ತಿದ್ದ. ಅವನ ಮಗನೂ ಸತ್ತಿದ್ದ. ಈಗ ಕ್ಯಾಥರೀನಳ ಮಗಳು ಮೇರಿಯೇ ರಾಣಿ. ಮಿಸ್ ಹ್ಯಾಲಮ್ ಗೋಡೆಯ ಮೇಲೆ ಅವಳ ದೊಡ್ಡ ಚಿತ್ರ ಅಂಟಿಸಿದ್ದರು.

“ಇವಳು ಜನರನ್ನ ಜೀವಂತ ಸುಡಿಸಿದ್ಲಂತೆ!” ಎಂದಿತು ಹಿಂದಿನ ಬೆಂಚು.

“ಮುಖ ನೋಡ್ರೋ, ನಿಂಬೆಹಣ್ಣು ತಿಂದ ಹಾಗಿದೆ!”

ಎಲ್ಲರೂ ನಕ್ಕರು. ಡೆಕ್ಲನ್ ನಗಲಿಲ್ಲ.

ಟಿಲ್ಡಾ ಚಿತ್ರವನ್ನು ನೋಡಿದಳು. ಆ ಬಿಗಿದ ತುಟಿಗಳನ್ನು ಅವಳು ಒಂದು ಸಂಜೆ ತನ್ನ ಕೋಣೆಯ ಕನ್ನಡಿಯಲ್ಲಿ ನೋಡಿದ್ದಳು. ಮೇರಿಯ ಕೈಯಲ್ಲಿ ಒಂದು ಗುಲಾಬಿ ಇತ್ತು. ಅದನ್ನು ಯಾರಿಗೋ ಕೊಡಬೇಕೆಂದು ಬಹಳ ಕಾಲದಿಂದ ಹಾಗೆಯೇ ಹಿಡಿದುಕೊಂಡು ಕುಳಿತಿರುವಂತೆ ಕಾಣುತ್ತಿತ್ತು.